ಕೆಂಪು ನೀರಿನ ಬಂಗಾರ

ಹಿಂದೆ ಜೀಪು... ಮುಂದೆ ಕುರಿ ಹಿಂಡು!

ಎಡಕ್ಕೆ ಬಂಡೆಗಲ್ಲು, ಬಲಕ್ಕೆ ಮೆಕ್ಕೆಜೋಳದ ಹೊಲ. ಯೋಚಿಸಲು ಪುರುಸೊತ್ತಿಲ್ಲ. ಬೈಕನ್ನು ಮೆಕ್ಕೆಜೋಳದೊಳಗೆ ನುಗ್ಗಿಸಿದೆ. ಎಲೆಗಳು ಕೆನ್ನೆಗೆ ಚಟಾರ್ ಚಟಾರ್ ಎಂದು ಬಾರಿಸಿದವು. ಅಂಗಿಯೊಳಗಿನ ಬಾಟಲಿಯನ್ನು ಒಂದು ಕೈಯಲ್ಲಿ ಅವುಚಿಕೊಂಡೆ.

ಬೈಕು ಹೋದರೆ ಇನ್ನೊಂದನ್ನು ಎಳೆದು ತಂದೇನು. ಆ ಬಾಟಲಿ ಹೋದರೆ ಇನ್ನೊಂದಿಲ್ಲ!

ನಾನು ಯಮನೂರ. ಕೊಪ್ಪಳದಿಂದ ಕುಷ್ಟಗಿಯವರೆಗೆ ಕಂತು ಕಟ್ಟದವರ ಗಾಡಿ ಎಳೆದು ತರುವುದು ನನ್ನ ಕಸುಬು. ಬೈಗುಳ ನನಗೆ ನಾಷ್ಟಾ, ಏಟು ಊಟ. ಅಡ್ಡದಾರಿಗಳೆಲ್ಲ ಗೊತ್ತಿವೆಯೆಂದು ಇಂಥವನ ಕೈಗೆ ಅವತ್ತು ಬೆಳಿಗ್ಗೆ ಯೂನಿವರ್ಸಿಟಿಯ ಶೋಭಾರಾಣಿ ಮೇಡಂ ಆ ಬಾಟಲಿ ಕೊಟ್ಟಿದ್ದರು. ಒಳಗೆ ಕೆಂಪು ನೀರು. ಥೇಟ್ ಆರತಿ ತಟ್ಟೆಯ ನೀರು!

ಇದು ಬಂಗಾರ ಅಂದರು ಮೇಡಂ.

ಅವರ ಮುಖ ನೋಡಿದೆ. ತಮಾಷೆಯ ಮುಖ ಅಲ್ಲ. ಬಂಗಾರವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡಿದರೆ ಹಳದಿ ಹೋಗಿ ಕೆಂಪಾಗುತ್ತದಂತೆ. ಅದೇ ನ್ಯಾನೋ ಅಂತೆ. ಅದನ್ನು ಮೈಯೊಳಗೆ ಬಿಟ್ಟು ಸ್ಕ್ಯಾನ್ ಮಾಡಿದರೆ ಸಣ್ಣ ಗಂಟೂ ಬೆಳ್ಳಗೆ ಹೊಳೆಯುತ್ತದಂತೆ. ಮನುಷ್ಯರಿಗೆ ಕೊಡಲು ಇನ್ನೂ ಪರವಾನಗಿ ಬಂದಿಲ್ಲ. ಹಾಗಾಗಿ ಪರೀಕ್ಷೆಗೆಂದು ಕಿನ್ನಾಳದಲ್ಲಿ ಒಂದು ಮರದ ಗೊಂಬೆ ಕೆತ್ತಿಸಿದ್ದರು. ಗೊಂಬೆಯ ಹೊಟ್ಟೆಯಲ್ಲಿ ಲಿವರಿನ ಆಕಾರದ ಗೂಡು, ಅದರೊಳಗೆ ಗಂಟಿನ ಪುಟ್ಟ ಗೂಡು. ದಾರಿಯಲ್ಲಿ ಆ ಗೊಂಬೆಯನ್ನೂ ಎತ್ತಿಕೊಂಡು ನಾನು ಮಧ್ಯಾಹ್ನದೊಳಗೆ ಗಂಗಾವತಿಯ ಸ್ಕ್ಯಾನ್ ಸೆಂಟರ್ ಮುಟ್ಟಬೇಕು. ಅಲ್ಲಿ ಪರೀಕ್ಷಕರು ಕಾಯುತ್ತಿರುತ್ತಾರೆ. ಗೊಂಬೆಯ ಹೊಟ್ಟೆ ಹೊಳೆದರೆ ಮೇಡಂ ಕೆಲಸ ಮುಂದುವರಿಯುತ್ತದೆ. ಹೊಳೆಯದಿದ್ದರೆ ಲ್ಯಾಬಿಗೆ ಬೀಗ!

“ನಮ್ಮವ್ವನ ಹೊಟ್ಯಾಗಿನ ಗಂಟು ಕಾಣೋದ್ರಾಗ ಹೊತ್ತು ಮೀರಿತ್ರಿ ಯಮನೂರಣ್ಣ,” ಅಂದರು. “ಇನ್ನೊಬ್ಬರ ಅವ್ವನ ಗಂಟಾದ್ರೂ ಜಲ್ದಿ ಕಾಣ್ಲಿ. ಹುಷಾರಿ... ಇದಕ್ಕ ಉಪ್ಪು ತಾಗಬಾರ್ದು. ತಾಗಿದ್ರ ನೀಲಿ ಆಗಿ ಕೆಟ್ಟು ಹೋಗ್ತೈತಿ.”

ಬಾಟಲಿಯನ್ನು ಅಂಗಿಯೊಳಗೆ ಇಳಿಸಿಕೊಂಡೆ. ಹೂಂ ಅಂದೆ ಅಷ್ಟೇ.

ಆದರೆ ಗೇಟಿನಾಚೆ ಹೊಳಿಯಪ್ಪನ ಜೀಪು! ಮರಳಿನ ದಂಧೆಯ ಹೊಳಿಯಪ್ಪ. ಲ್ಯಾಬಿನಲ್ಲಿ ಬಂಗಾರ ಇದೆ ಎಂದು ಯಾರೋ ಕ್ಯಾಂಟೀನಿನಲ್ಲಿ ಆಡಿದ ಮಾತು ಅವನ ಕಿವಿ ಮುಟ್ಟುವಷ್ಟರಲ್ಲಿ ಗಟ್ಟಿ ಬಂಗಾರವಾಗಿತ್ತು. ಅವನನ್ನು ದಾರಿ ತಪ್ಪಿಸಲು ಮೇಡಂ ಬರಿಗೈಯಲ್ಲಿ ಗಂಗಾವತಿ ಬಸ್ಸು ಹತ್ತಿದರು. ನಾನು ಹಿಂದಿನ ಗೇಟಿನಿಂದ ಹೊರಟೆ. ಹೊಳಿಯಪ್ಪ ಬಸ್ಸಿನ ಕಡೆ ತಿರುಗಿಯೂ ನೋಡಲಿಲ್ಲ... ನನ್ನ ಬೆನ್ನು ಹತ್ತಿದ!

ಮೆಕ್ಕೆಜೋಳ ಮುಗಿಯಿತು. ಕಿನ್ನಾಳದ ಓಣಿ. ಗೊಂಬೆ ಕೆತ್ತಿದವನ ಮನೆ ಮುಂದೆ ಹಂದರ, ಬ್ಯಾಂಡು, ಜನ. ಮದುವೆ ಮುಗಿಸಿ ಮಗನೂ ಸೊಸೆಯೂ ಈಗಷ್ಟೇ ಹೊಸ್ತಿಲ ಮುಂದೆ ನಿಂತಿದ್ದಾರೆ. ಮನೆಯ ಹಿರಿಯಳು ಹುಲಿಗವ್ವ ಆರತಿ ತಟ್ಟೆ ಹಿಡಿದು ಎದುರಿಗಿದ್ದಾಳೆ.

ಬ್ರೇಕು ಹಿಡಿದೆ... ಬೈಕು ಕೇಳಲಿಲ್ಲ!

ಹುಲಿಗವ್ವ ಪಕ್ಕಕ್ಕೆ ಹಾರಿದಳು. ತಟ್ಟೆ ಮೇಲಕ್ಕೆ ಹಾರಿತು. ನಾನು ಹಂದರದ ಕಂಬ ತಬ್ಬಿಕೊಂಡು ಬಿದ್ದೆ. ಏಳುವಷ್ಟರಲ್ಲಿ ಕೊರಳಪಟ್ಟಿಯ ಮೇಲೆ ಹೊಳಿಯಪ್ಪನ ಕೈ, ಪಕ್ಕೆಲುಬಿಗೆ ಅವನ ಚಾಕು, ಅಕ್ಕಪಕ್ಕ ಅವನ ಇಬ್ಬರು ಹುಡುಗರು.

ಬಂಗಾರ ಎಲ್ಲಿ ಅಂದ. ನಾನು ಬಾಟಲಿ ತೆಗೆದು ತೋರಿಸಿದೆ. ಇದೇ ಅಂದೆ. ನನ್ನ ಕಸುಬಿನಲ್ಲಿ ನಿಜ ಹೇಳುವ ಪ್ರಸಂಗ ಕಡಿಮೆ. ಹೇಳಿದಾಗ ಯಾರೂ ನಂಬುವುದಿಲ್ಲ.

“ನನ್ನನ್ನ ಕುರಿ ಮಾಡ್ತೀಯೇನಲೇ?” ಅಂದ. ಚಾಕು ಇನ್ನಷ್ಟು ಒತ್ತಿತು.

ಹುಲಿಗವ್ವನಿಗೆ ಚಾಕುಗೀಕು ನೋಡಲು ಪುರುಸೊತ್ತಿರಲಿಲ್ಲ. ಅವಳ ಆರತಿ ನೀರು ಅಂಗಳದ ಪಾಲಾಗಿತ್ತು, ಸೊಸೆ ಹೊಸ್ತಿಲ ಮುಂದೆ ಕಾಯುತ್ತಿದ್ದಳು. ನನ್ನ ಕೈಯ ಕೆಂಪು ನೀರು ಕಂಡದ್ದೇ ತಡ, ಬಾಟಲಿ ಕಸಿದುಕೊಂಡಳು!

“ನನ್ನ ನೀರು ಚೆಲ್ಲಿದಿ, ನಿನ್ನ ನೀರು ಕೊಡು,” ಅಂದವಳೇ ತಟ್ಟೆಗೆ ಗಳಗಳ ಸುರಿದಳು.

ನನ್ನ ಜೀವವೂ ಅದರ ಜೊತೆಗೇ ಸುರಿದು ಹೋಯಿತು. ಬಾಟಲಿ ಅರ್ಧ ಖಾಲಿ! ಬಾಯಿ ತೆರೆದೆ. ಮುಚ್ಚು ಅಂದಿತು ಚಾಕು.

ಆಗ ಅವಳ ಎಡಗೈ ಕಂಡಿತು. ಮುಷ್ಟಿಯಲ್ಲಿ ಉಪ್ಪು! ಮದುಮಕ್ಕಳಿಗೆ ನಿವಾಳಿಸಿ ತಟ್ಟೆಗೆ ಹಾಕುವ ದೃಷ್ಟಿಯ ಉಪ್ಪು. ಮೇಡಂ ಹೇಳಿದ್ದು ತಲೆಯೊಳಗೆ ಗಂಟೆ ಹೊಡೆಯಿತು. ತಟ್ಟೆಗೆ ಬಿದ್ದದ್ದು ಹೇಗೂ ಹೋಯಿತು... ಹೋಗುವುದಾದರೆ ಕೆಲಸ ಮಾಡಿಯೇ ಹೋಗಲಿ!

“ಯಮ್ಮಾ, ಮದುಮಕ್ಕಳಿಗೆ ಆಮ್ಯಾಲೆ ತೆಗಿಯಂತಿ,” ಅಂದೆ. “ಮೊದಲು ಈ ಹೊಳಿಯಪ್ಪಣ್ಣಗ ತೆಗಿ. ಭಾಳ ದಿಷ್ಟಿ ಆಗೈತಿ.”

ಹುಲಿಗವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನನ್ನ ಮಾತು ಅವಳಿಗೆ ಒಪ್ಪಿಗೆಯಾಯಿತು. ಅವನು ಬೇಡ ಅನ್ನುವ ಮೊದಲೇ ಉಪ್ಪು ನಿವಾಳಿಸಿ ತಟ್ಟೆಗೆ ಹಾಕಿ ಕೈಯಾಡಿಸಿದಳು.

ಕೆಂಪು ಕದಡಿತು... ನೇರಳೆಯಾಯಿತು... ನೀಲಿ!

ಬಿಳಿ ಬಟ್ಟೆಗೆ ಹಾಕುವ ನೀಲಿಯಂತೆ ಅಪ್ಪಟ ನೀಲಿ. ಬ್ಯಾಂಡು ನಿಂತಿತು. ಸೊಸೆ ಗಂಡನ ಹಿಂದೆ ಸರಿದಳು. ಹುಲಿಗವ್ವ ತಟ್ಟೆ ನೋಡಿದಳು, ಹೊಳಿಯಪ್ಪನನ್ನು ನೋಡಿದಳು.

“ಯಪ್ಪಾ... ನಿನ್ನ ಹೊಟ್ಯಾಗ ಏನೋ ಐತಿ,” ಅಂದಳು ಮೆಲ್ಲಗೆ. “ನನ್ನ ಜಿಂದಗಿದಾಗ ಇಂಥಾ ನೀರು ನೋಡಿಲ್ಲ.”

ಮೊದಲು ಹುಡುಗರು ಓಡಿದರು. ಆಮೇಲೆ ಜೀಪು ಓಡಿತು. ಜೀಪಿನ ಹಿಂದೆ, ಹೊಟ್ಟೆ ಹಿಡಿದುಕೊಂಡು, ಹೊಳಿಯಪ್ಪ! ನಾನು ಅದೇ ಕಂಬ ತಬ್ಬಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಹುಲಿಗವ್ವ ಬೈಯುತ್ತಲೇ ನನ್ನ ಬಾಯಿಗೊಂದು ಹೋಳಿಗೆ ತುರುಕಿದಳು. ಉಳಿದ ಅರ್ಧ ಬಾಟಲಿಯನ್ನು ಅಂಗಿಯೊಳಗೆ ಹಾಕಿಕೊಂಡು ಗೊಂಬೆಯನ್ನು ಬೆನ್ನಿಗೆ ಕಟ್ಟಿಕೊಂಡೆ. ಗಾಡಿ ಗಂಗಾವತಿಗೆ!

ಅರ್ಧ ಬಾಟಲಿ ನೋಡಿ ಮೇಡಂ ಕುಸಿದು ಕುಳಿತರು. ನಡೆದದ್ದೆಲ್ಲ ಹೇಳಿದೆ. ಲಿವರಿನ ಗೂಡು ತುಂಬಲು ಇದು ಸಾಲದು ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸ್ವಲ್ಪ ಹೊತ್ತು ಗೊಂಬೆಯನ್ನೇ ನೋಡುತ್ತಿದ್ದವರು ತಟ್ಟನೆ ಎದ್ದರು. ದೊಡ್ಡ ಗೂಡಿಗೆ ಬರೀ ನೀರು ತುಂಬಿದರು. ಕೆಂಪು ನೀರನ್ನು ಗಂಟಿನ ಪುಟ್ಟ ಗೂಡಿಗೆ ಮಾತ್ರ ಬಿಟ್ಟರು. ಗೊಂಬೆ ಯಂತ್ರದೊಳಗೆ ಹೋಯಿತು.

ಪರದೆಯ ಮೇಲೆ ಲಿವರು ಮಬ್ಬು. ನಡುವೆ ಒಂದೇ ಒಂದು ಬೆಳ್ಳನೆಯ ಚುಕ್ಕೆ... ಗಂಟು!

ಪರೀಕ್ಷಕರು ಕುರ್ಚಿ ಬಿಟ್ಟು ಎದ್ದರು. ಕೆಲಸ ಮುಂದುವರಿಸಿ ಅಂದರು. ಮೇಡಂ ಗೊಂಬೆಯ ಕೈ ಹಿಡಿದುಕೊಂಡು ಅತ್ತರು. ನಾನೂ ಅತ್ತೆ. ಯಾರಿಗೂ ಹೇಳಬೇಡಿ.

ಹೊರಗೆ ಬಂದರೆ ಬೆಂಚಿನ ಮೇಲೆ ಹೊಳಿಯಪ್ಪ! ಕೈಯಲ್ಲಿ ಚಾಕು ಇಲ್ಲ... ಸ್ಕ್ಯಾನಿಂಗಿನ ಟೋಕನ್ ಇದೆ. ಮೇಡಂ ಮುಂದೆ ಕೈ ಮುಗಿದ. ಹೊಟ್ಟೆಯೊಳಗೆ ಏನೋ ಇದೆಯಂತೆ. ಒಳಗೆ ನಾವು ಆಡಿದ್ದನ್ನೆಲ್ಲ ಬಾಗಿಲಾಚೆ ಕೇಳಿಸಿಕೊಂಡಿದ್ದನಂತೆ; ಆ ಕೆಂಪು ಬಂಗಾರವನ್ನೇ ಹಾಕಿ ನೋಡಬೇಕಂತೆ.

ನಾನು ಅವನ ಪಕ್ಕ ಕುಳಿತು ಹೆಗಲ ಮೇಲೆ ಕೈ ಹಾಕಿದೆ.

“ಪರವಾನಗಿ ಬರೋತನ ತಡಿಯೋ ಹೊಳಿಯಪ್ಪಣ್ಣ... ಆಮ್ಯಾಲೆ ಬಂಗಾರಾನ ಸೂಜಿ ಚುಚ್ಚಿ ಮೈಯಾಗ ಹಾಕಿ ಕಳಸ್ತೀವಿ.”