ಹಿತ್ತಾಳೆಯ ಪಿನ್ನು

ಸ್ಯಾಂಪಲ್ ಇಲ್ಲದೆ ನಮ್ಮ ಅಂಗಡಿಯಲ್ಲಿ ಯಾರಿಗೂ ಆಯಿಲ್ ಸೀಲ್ ಕೊಡುವುದಿಲ್ಲ. ಯಂತ್ರದ ಎಣ್ಣೆ ಸೋರದಂತೆ ತಡೆಯುವ ಆ ರಬ್ಬರ್ ಬಳೆಯ ಹಳೆಯದನ್ನು ತಂದು ಕೌಂಟರಿನ ಮೇಲಿಟ್ಟರೆ ಅಳತೆ ತೆಗೆದು ಹೊಸದನ್ನು ಕೊಡುತ್ತೇನೆ. ಬರಿಗೈಯಲ್ಲಿ ಬಂದವರು ಬರಿಗೈಯಲ್ಲೇ ಹೋಗಬೇಕು. ನನ್ನಪ್ಪ ಸಿದ್ರಾಮಪ್ಪ ಸಿಂದಗಿಯಿಂದ ಪುಣೆಗೆ ಬಂದು ಬಿಬವೇವಾಡಿಯಲ್ಲಿ ಸೀಲು-ಬೇರಿಂಗಿನ ಅಂಗಡಿ ಹಾಕಿದ ದಿನದಿಂದ ಇರುವ ನಿಯಮ ಇದು. ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಅಂಗಡಿ ಮಗಳಾದ ನನ್ನದಾಯಿತು, ನಿಯಮವೂ ನನ್ನದಾಯಿತು.

ರಕ್ಷಿತ ಬಂದದ್ದು ದೀಪಾವಳಿ ಮುಗಿದ ವಾರ, ಕೈಯಲ್ಲೊಂದು ಕಾಗದದ ಪೊಟ್ಟಣ ಹಿಡಿದುಕೊಂಡು. ಬಿಚ್ಚಿದರೆ ಒಳಗೆ ಕಪ್ಪು ಪುಡಿ. “ಹೇ ಬಘಾ, ಸ್ಯಾಂಪಲ್,” ಇಗೋ ನೋಡಿ ಎಂದ ಮರಾಠಿಯಲ್ಲಿ, ಬಹಳ ಗಂಭೀರವಾಗಿ.

ಅಷ್ಟರಲ್ಲಿ ಅಪ್ಪನ ಫೋನು ಬಂತು. “ಊಟಕ್ಕ ತಡಾ ಆಗ್ತದಪ್ಪಾ,” ಎಂದೆ. “ಇಲ್ಲೊಬ್ರು ಬಂದಾರ. ಚಾಪುಡಿ ತಂದು ಸೀಲ್ ಅನಾಕತ್ತಾರ.”

ಫೋನಿಟ್ಟು ನೋಡಿದರೆ ಅವನು ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದ.

“ಚಾಪುಡಿ ಅಲ್ಲ ಮಾರಾಯ್ರೆ. ಅರುವತ್ತು ವರ್ಷದ ಹಿಂದೆ ಅದು ಸೀಲೇ.”

ನನ್ನ ಕಿವಿ ಬಿಸಿಯಾಯಿತು. ಗಿರಾಕಿಗಳನ್ನು ಕನ್ನಡದಲ್ಲಿ ಆಡಿಕೊಳ್ಳುವುದು ನನ್ನ ಹಳೆಯ ಚಾಳಿ. ಅಷ್ಟು ವರ್ಷದಲ್ಲಿ ಸಿಕ್ಕಿಬಿದ್ದದ್ದು ಅದೊಂದೇ ಸಲ. ನಾಚಿಕೆ ಮುಚ್ಚಿಕೊಳ್ಳಲು ಸುಮ್ಮನೆ ಕೇಳಿದೆ, “ಯಾ ಮಷೀನಿಂದ್ರಿ ಇದು?”

ಅವನು ಮೊಬೈಲಿನಲ್ಲಿ ಫೋಟೊ ತೋರಿಸಿದ. ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರು. ಮೇಲೊಂದು ಪುಟ್ಟ ಪೆಟ್ರೋಲ್ ಟ್ಯಾಂಕು, ಕೆಳಗೆ ಉದ್ದ ಕೊಳವೆ, ತುದಿಯಲ್ಲಿ ಮೂರು ಎಲೆಯ ಫ್ಯಾನು. ಬಣ್ಣ ಹೋಗಿ ತುಕ್ಕು ಉಳಿದಿತ್ತು. ಸಮುದ್ರವೇ ಇಲ್ಲದ ಪುಣೆಯಲ್ಲಿ ಇದನ್ನಿಟ್ಟುಕೊಂಡು ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಅವನು ಸ್ಟೂಲು ಎಳೆದುಕೊಂಡು ಕೂತ.

ಅವನ ಅಮ್ಮ ಲೀಲಾಕ್ಷಿ ಉಡುಪಿಯ ಕಡೆಯವರು. ಮದುವೆಯಾಗಿ ಹೋದದ್ದು ಒಂದು ಕುದ್ರುವಿಗೆ. ಕುದ್ರು ಎಂದರೆ ನದಿಯ ನಡುವಿನ ನೆಲ, ಸುತ್ತಲೂ ನೀರು. ಆಗ ಸೇತುವೆ ಇರಲಿಲ್ಲ. ರಕ್ಷಿತ ಹುಟ್ಟುವ ದಿನ ಮಧ್ಯಾಹ್ನ ನೋವು ಶುರುವಾದಾಗ ಸಮುದ್ರದ ಇಳಿತಕ್ಕೆ ನೀರಿನ ಸೆಳೆತ ಎಷ್ಟಿತ್ತೆಂದರೆ ಹುಟ್ಟು ಹಾಕಿ ದಾಟುವ ಹಾಗಿರಲಿಲ್ಲ. ಆಸುಪಾಸಿನಲ್ಲಿ ಮೋಟಾರು ಇದ್ದದ್ದು ಬಚ್ಚ ಮರಕಾಲ ಎಂಬವರ ದೋಣಿಗೆ ಮಾತ್ರ.

“ಆರು ಸಲ ಹಗ್ಗ ಎಳೆದ್ರಂತೆ. ಸ್ಟಾರ್ಟ್ ಆಗ್ಲಿಲ್ಲ. ಏಳನೇ ಸಲಕ್ಕೆ ಆಯ್ತು. ಇಲ್ಲದಿದ್ರೆ ನಾನೂ ಇಲ್ಲ, ಅಮ್ಮನೂ ಇಲ್ಲ. ನನ್ನ ಪ್ರತಿ ಬರ್ತ್‌ಡೇಗೆ ಅಮ್ಮ ಆ ಸದ್ದಿನ ಕಥೆ ಹೇಳ್ತಾರೆ. ಒಮ್ಮೆ ಆ ಸದ್ದು ಇನ್ನೊಂದ್ಸಲ ಕೇಳ್ಬೇಕು ಅಂದ್ರು.”

ಬಚ್ಚ ಮರಕಾಲರು ತೀರಿಕೊಂಡು ಬಹಳ ವರ್ಷವಾಗಿತ್ತು. ಮೋಟಾರು ಗುಜರಿಗೆ ಹೊರಟಿದ್ದಾಗ ರಕ್ಷಿತ ಅದನ್ನು ಕೇಳಿ ತಂದಿದ್ದ. ಫೆಬ್ರವರಿ ಒಂಬತ್ತಕ್ಕೆ ಅವನ ಹುಟ್ಟುಹಬ್ಬ. ಪುಣೆಯ ಹತ್ತಿರದ ಪಾನಶೇತ್ ಅಣೆಕಟ್ಟಿನ ಹಿನ್ನೀರಿನಲ್ಲಿ ಗೆಳೆಯ ಅಶ್ವಿನ್‌ನದೊಂದು ದೋಣಿ ಇತ್ತು. ಆ ದಿನ ಅಮ್ಮನನ್ನು ಅದರಲ್ಲಿ ಕೂರಿಸಿ ಈ ಮೋಟಾರು ಓಡಿಸಬೇಕು. ಅಷ್ಟೇ ಅವನ ಆಸೆ.

ನಾನು ನಿಯಮ ಮುರಿದೆ. ಸ್ಯಾಂಪಲ್ ಇಲ್ಲದೆಯೇ ಸೀಲು ಹುಡುಕಿ ಕೊಡುತ್ತೇನೆಂದೆ.

ಹೇಳಿದಷ್ಟು ಸುಲಭವಿರಲಿಲ್ಲ. ಮೋಟಾರು ಇಂಚಿನ ಲೆಕ್ಕದ್ದು, ನನ್ನ ಅಂಗಡಿ ಮಿಲಿಮೀಟರಿನದು. ರಕ್ಷಿತ ಭಾನುವಾರ ಜುನಾ ಬಾಜಾರಿಗೆ ಹೋಗಿ ಹಳೆ ಕಬ್ಬಿಣದ ರಾಶಿಯಲ್ಲಿ ಹುಡುಕುತ್ತಿದ್ದ, ಸೋಮವಾರ ಸಿಕ್ಕಿದ್ದನ್ನೆಲ್ಲ ತಂದು ನನ್ನ ಮುಂದೆ ಸುರಿಯುತ್ತಿದ್ದ. ಅದರಲ್ಲಿ ಮುಕ್ಕಾಲು ಪಾಲು ಕಸ. ಆದರೂ ಹಳೆಯ ಪಂಪೊಂದರ ಸೀಲು, ಸ್ಕೂಟರಿನಲ್ಲಿ ಕಿಡಿ ಹೊಡೆಸುವ ಪಾಯಿಂಟ್ ಸೆಟ್ ಇದಕ್ಕೆ ಸರಿಹೊಂದಿದವು. ಎಂಜಿನ್ನನ್ನು ತಣ್ಣಗಿಡಲು ನೀರು ಎಳೆಯುವ ರಬ್ಬರ್ ಚಕ್ರವನ್ನು ಕಾರ್ಖಾನೆಗಳಿರುವ ಭೋಸರಿಯಲ್ಲಿ ಅಚ್ಚು ಹಾಕಿಸಿದೆ. ಎರಡನೇ ಸೋಮವಾರದಿಂದ ಅವನ ಜೊತೆ ಫ್ಲಾಸ್ಕೂ ಬರತೊಡಗಿತು. ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಅವರದು ಹೋಟೆಲು. ಕಾಫಿ ಮುಚ್ಚಳ ತೆರೆಯುವ ಮುಂಚೆಯೇ ಘಮ್ಮೆನ್ನುತ್ತಿತ್ತು.

“ಇಷ್ಟು ದೂರ ಕಾಫಿ ಯಾಕ ತರ್ತೀರಿ? ಇಲ್ಲೇ ಚಾ ಸಿಗ್ತದಲ್ರಿ.”

“ನಿಮ್ಮ ಚಾಪುಡಿ ಮೇಲೆ ನನಗೆ ನಂಬಿಕೆ ಇಲ್ಲ.”

ನಾನು ವರ್ನಿಯರ್ ಹಿಡಿದು ಅಳತೆ ತೆಗೆಯುವಾಗ ಅವನು ಅಳತೆಯನ್ನು ನೋಡುತ್ತಿರಲಿಲ್ಲ. ನನಗೆ ಅದು ತಲೆಯೆತ್ತದೆಯೇ ಗೊತ್ತಾಗುತ್ತಿತ್ತು. ತಲೆಯೆತ್ತಿದರೆ ಅವನು ತಟ್ಟನೆ ಗೋಡೆಯ ಕ್ಯಾಲೆಂಡರು ಓದುತ್ತಿದ್ದ. ಒಂದು ದಿನ ಬೇರಿಂಗ್ ತಂದು ಕೆಟ್ಟಿದೆ ಎಂದ. ಬೆರಳಿಗೆ ಸಿಕ್ಕಿಸಿ ತಿರುಗಿಸಿದೆ, ಬೆಣ್ಣೆಯಂತೆ ತಿರುಗಿತು. ಆದರೂ ಹೊಸದೊಂದನ್ನು ಕೊಟ್ಟೆ.

ಡಿಸೆಂಬರಿನ ಕೊನೆಗೆ ಅಂಗಡಿಯ ಹಿಂದೆ ಡ್ರಮ್ಮಿನಲ್ಲಿ ನೀರು ತುಂಬಿ ಮೋಟಾರನ್ನು ಅದರ ಅಂಚಿಗೆ ಕಟ್ಟಿದೆವು. ಹಗ್ಗ ಎಳೆದದ್ದೇ ಒಮ್ಮೆ ಕೆಮ್ಮಿ, ಆಮೇಲೆ ಹಿಡಿದುಕೊಂಡಿತು. ಟಕಟಕ ಸದ್ದು, ನೀಲಿ ಹೊಗೆ, ನೀರೆಲ್ಲ ನಮ್ಮ ಮೈಮೇಲೆ. ಪಕ್ಕದ ಮೆಡಿಕಲ್ ಸ್ಟೋರಿನವರು ಕೂಗಾಡಿದರು. ನಾವಿಬ್ಬರೂ ಒದ್ದೆಯಾಗಿ ನಿಂತು ನಗುತ್ತಿದ್ದೆವು, ಮತ್ತು ಆ ಗಳಿಗೆಯಲ್ಲಿ ನನಗೆ ಒಂದೇ ಚಿಂತೆ: ಮೋಟಾರು ಸರಿಯಾಯಿತು, ಇನ್ನು ಇವನು ಬರುವುದಿಲ್ಲ.

ಆದರೆ ಎರಡು ದಿನ ಬಿಟ್ಟು ಬಂದ. ಮೋಟಾರು ಇಳಿಸುವಾಗ ಫ್ಯಾನು ಕಲ್ಲಿಗೆ ಬಡಿದು, ಅದನ್ನು ಹಿಡಿದಿಡುವ ಪಿನ್ನು ತುಂಡಾಗಿತ್ತು. ಬೆರಳಿನ ಅರ್ಧ ಉದ್ದದ ಹಿತ್ತಾಳೆಯ ಕಡ್ಡಿ. ಈ ಸಲ ಸ್ಯಾಂಪಲ್ ತಂದಿದ್ದ, ಎರಡು ತುಂಡೂ.

“ಹಿತ್ತಾಳಿ ಪಿನ್ ಯಾರ್ ಹಾಕ್ಯಾರ್ರಿ ಇದಕ್ಕ? ಮುರೀದೇ ಏನ್ ಮಾಡ್ತದ?” ಎಂದೆ. ನನ್ನ ಅಂಗಡಿಯಿಂದ ಹೋದ ಸಾಮಾನು ಮುರಿದು ವಾಪಸು ಬಂದದ್ದಿಲ್ಲ ಎಂಬ ಜಂಬ ನನಗೆ. ಗಟ್ಟಿ ಸ್ಟೀಲಿನಲ್ಲಿ ಪಿನ್ನು ಕಡೆಸಿ, ಬಟ್ಟೆಯಲ್ಲಿ ಒರೆಸಿ ಅವನ ಅಂಗೈಯಲ್ಲಿಟ್ಟೆ. “ಇದು ನನ್ನ ಕಡಿಯಿಂದ. ಮುರೀತಂದ್ರ ನನ್ನ ಹೆಸರ ಬದಲಾಯಿಸ್ರಿ.”

ಅವನು ಅದನ್ನು ಶರ್ಟಿನ ಜೇಬಿನಲ್ಲಿಟ್ಟು ಮೇಲೊಮ್ಮೆ ತಟ್ಟಿಕೊಂಡ.

ಆಮೇಲೆ ಮೂರು ವಾರ ಅವನ ಸುದ್ದಿಯಿಲ್ಲ.

ಮೊದಲ ಸೋಮವಾರ ಬಾಗಿಲು ನೋಡಿದೆ. ಎರಡನೆಯ ಸೋಮವಾರ ನೋಡುವುದಿಲ್ಲವೆಂದು ಹಟ ಹಿಡಿದು ನೋಡಿದೆ. ಮೂರನೆಯ ಸೋಮವಾರ, ಇವನು ಕೆಲಸ ಮುಗಿದ ಮೇಲೆ ಮರೆತುಬಿಡುವ ಜಾತಿಯವನು ಎಂದು ತೀರ್ಮಾನಿಸಿ, ಒಬ್ಬ ಗಿರಾಕಿಯ ಮೇಲೆ ವಿನಾಕಾರಣ ಸಿಡುಕಿ, ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಕ್ಯಾಂಪಿಗೆ ಹೊರಟೆ. ಜಗಳವಾಡಲು ಅಲ್ಲ, ಕಾಫಿ ಕುಡಿಯಲು ಎಂದು ರಿಕ್ಷಾದಲ್ಲಿ ನನಗೆ ನಾನೇ ಹೇಳಿಕೊಂಡೆ.

ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಹೆಂಗಸು ನನ್ನ ಕೈ ನೋಡಿ, ಆಮೇಲೆ ಮುಖ ನೋಡಿದರು. “ನೀನು ಶೈಲಶ್ರೀ ಅಲ್ವಾ? ಉಗುರಿನಲ್ಲಿ ಗ್ರೀಸ್ ಇರುವ ಹುಡುಗಿ ಅಂತ ರಕ್ಷಿತ ಹೇಳಿದ್ದ.”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಲೀಲಾಕ್ಷಿಯಮ್ಮ ಗಲ್ಲೆಯಿಂದ ಎದ್ದು ನನ್ನ ಕೈ ಹಿಡಿದು ಸ್ಟೋರ್ ರೂಮಿಗೆ ಕರೆದೊಯ್ದರು. “ನೀನೇ ನೋಡು ಮಗಾ. ದಿನಾ ಇದರ ಎದುರು ಕೂತಿರ್ತಾನೆ. ಆಗದಿದ್ರೆ ಬೇಡ ಅಂತ ನಾನು ಹೇಳಿ ಆಯ್ತು.”

ಉದ್ದಿನ ಚೀಲಗಳ ನಡುವೆ ಮೋಟಾರು ಮಲಗಿತ್ತು. ಪಕ್ಕದಲ್ಲಿ ಹಳೇ ಪೇಪರಿನ ಮೇಲೆ ಎರಡು ಗೇರು, ಹಲ್ಲುಗಳು ಉದುರಿದ್ದವು. ಅವುಗಳ ಹತ್ತಿರ ನನ್ನ ಸ್ಟೀಲ್ ಪಿನ್ನು, ಒಂದು ಗೀರೂ ಇಲ್ಲದೆ ಹೊಳೆಯುತ್ತಿತ್ತು. ನೋಡಿದ ಕೂಡಲೇ ನನಗೆ ಎಲ್ಲ ತಿಳಿಯಿತು. ಫ್ಯಾನು ನೀರೊಳಗಿನ ಕಲ್ಲಿಗೆ ಬಡಿದರೆ ಹಿತ್ತಾಳೆಯ ಪಿನ್ನು ತಾನು ಮುರಿದು ಗೇರನ್ನು ಉಳಿಸುತ್ತದೆ. ಮುರಿಯುವುದೇ ಅದರ ಕೆಲಸ. ನನ್ನದು ಮುರಿಯಲಿಲ್ಲ.

ರಕ್ಷಿತ ಬಾಗಿಲಲ್ಲಿ ಬಂದು ನಿಂತಿದ್ದ. “ಹಿನ್ನೀರಿನಲ್ಲಿ ಓಡಿಸಿ ನೋಡುವಾಗ ಕಲ್ಲಿಗೆ ಬಡೀತು. ನಿಮ್ಮ ಪಿನ್ನಿಗೆ ಏನೂ ಆಗ್ಲಿಲ್ಲ,” ಎಂದ ಮೆಲ್ಲಗೆ. “ಹೆಸರು ಬದಲಾಯಿಸ್ಬೇಕಾಗಿಲ್ಲ.”

ನನಗೆ ಅಳು ಬಂತು. “ಯಾಕ ಹೇಳಲಿಲ್ರಿ?”

“ಅಷ್ಟು ಪ್ರೀತಿಯಿಂದ ಕೊಟ್ಟಿದ್ರಿ. ಅದರಿಂದಲೇ ಹಾಳಾಯ್ತು ಅಂತ ಹೇಗೆ ಹೇಳುದು? ಬೇರೆ ಗೇರ್ ಸಿಕ್ಕಿದ ಮೇಲೆ ಬರುವಾ ಅಂತ ಇದ್ದೆ. ಸಿಗಲೇ ಇಲ್ಲ.”

ಮೂರು ವಾರ ನಾನು ಅವನನ್ನು ಬೈದದ್ದೆಲ್ಲ ನೆನಪಾಗಿ ಮುಖ ಎತ್ತಲಾಗಲಿಲ್ಲ. ಹುಟ್ಟುಹಬ್ಬಕ್ಕೆ ಹದಿಮೂರು ದಿನ ಉಳಿದಿತ್ತು. ಕಣ್ಣೊರೆಸಿಕೊಂಡು ಕೈ ಚಾಚಿದೆ. “ಸ್ಯಾಂಪಲ್ ಕೊಡ್ರಿ.”

ಭೋಸರಿಯಲ್ಲಿ ಗೂಳಪ್ಪ ಕಾಕಾ ಇದ್ದಾರೆ, ಜಮಖಂಡಿಯವರು, ಅಪ್ಪನ ಗೆಳೆಯರು. ಗೇರು ಕಡೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಗೇರು ನೋಡಿ, ಪಿನ್ನಿನ ಕಥೆ ಕೇಳಿ, ಅವರು ನನ್ನನ್ನು ಕನ್ನಡಕದ ಮೇಲಿಂದ ನೋಡಿದರು. “ಸಿದ್ರಾಮನ ಮಗಳಾಗಿ ಹಿಂತಾ ತಪ್ಪ ಮಾಡೀದೀ?”

“ಮಾಡೇನ್ರಿ ಕಾಕಾ. ನೀವು ಸರಿ ಮಾಡಿ ಕೊಡ್ರಿ.”

ಒಪ್ಪಿಕೊಂಡದ್ದಕ್ಕೋ ಏನೋ, ಅವರು ಬೇರೆ ಕೆಲಸ ಬದಿಗಿಟ್ಟರು. ಹತ್ತು ದಿನ ಬೆಳಿಗ್ಗೆ ನಾನೂ ರಕ್ಷಿತನೂ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೆವು. ಮಾತು ಕಡಿಮೆ, ಫ್ಲಾಸ್ಕು ದೊಡ್ಡದು. ಹೊಸ ಗೇರುಗಳು ಒಂದರೊಳಗೊಂದು ಕೂತು ಸದ್ದಿಲ್ಲದೆ ತಿರುಗಿದ ದಿನ ನಾನು ಕಾಕಾನ ಕಾಲಿಗೆ ನಮಸ್ಕಾರ ಮಾಡಿದೆ. ಅಲ್ಲೇ ಹನ್ನೆರಡು ಹಿತ್ತಾಳೆಯ ಪಿನ್ನು ಕಡೆಸಿಕೊಂಡೆ.

ಒಂಬತ್ತನೇ ತಾರೀಖು ಬೆಳಿಗ್ಗೆ ಹಿನ್ನೀರು ನಿಶ್ಚಲವಾಗಿತ್ತು. ಲೀಲಾಕ್ಷಿಯಮ್ಮ ರೇಷ್ಮೆ ಸೀರೆಯುಟ್ಟು, ಅದರ ಮೇಲೆ ಲೈಫ್ ಜಾಕೆಟ್ ಹಾಕಿಕೊಂಡು ದೋಣಿಯ ಮುಂಭಾಗದಲ್ಲಿ ಕೂತರು. ರಕ್ಷಿತ ಹಗ್ಗ ಎಳೆದ. ಒಂದು, ಎರಡು, ಮೂರು. ನಾಲ್ಕಕ್ಕೂ ಇಲ್ಲ. ಅವನ ಹಣೆಯಲ್ಲಿ ಬೆವರು.

“ಅವಳ ಕೈಗೆ ಕೊಡು,” ಎಂದರು ಅವರು.

ನಾನು ಮನಸ್ಸಿನಲ್ಲೇ ಬಚ್ಚ ಮರಕಾಲರನ್ನು ನೆನೆದು ಎಳೆದೆ. ಮೋಟಾರು ಒಮ್ಮೆ ಕೆಮ್ಮಿ ಹಿಡಿದುಕೊಂಡಿತು.

ಲೀಲಾಕ್ಷಿಯಮ್ಮ ಎರಡು ಕೈಯಲ್ಲೂ ದೋಣಿಯ ಅಂಚು ಹಿಡಿದು ಕಣ್ಣು ಮುಚ್ಚಿದರು. ದಡ ದೂರವಾದಂತೆ ಅವರ ತುಟಿ ಅಲುಗುತ್ತಿತ್ತು. “ಬಚ್ಚಣ್ಣಾ, ನಿಮ್ಮ ಉಪಕಾರ,” ಎಂದದ್ದು ಮಾತ್ರ ನನಗೆ ಕೇಳಿಸಿತು. ರಕ್ಷಿತ ಅಮ್ಮನನ್ನೇ ನೋಡುತ್ತಿದ್ದ, ನಾನು ಅವನನ್ನು ನೋಡುತ್ತಿದ್ದೆ. ಅಷ್ಟು ಹೊತ್ತು ನೋಡಿಯೂ ಕ್ಯಾಲೆಂಡರ್ ಓದುವ ನಾಟಕ ಮಾಡಬೇಕೆನಿಸಲಿಲ್ಲ.

ಹಿಂದಿರುಗುವಾಗ ಕೆಳಗೆ ಠಕ್ಕೆಂದಿತು. ಮೋಟಾರು ಕಿರುಚಿತು, ದೋಣಿ ಮಾತ್ರ ಮುಂದೆ ಹೋಗಲಿಲ್ಲ. ಅವನು ಆಫ್ ಮಾಡಿದ. ನೀರಿನೊಳಗೆ ಇಣುಕಿದ.

“ಎಂತ ಆಯ್ತು?” ಎಂದರು ಅಮ್ಮ.

“ಪಿನ್ ಮುರೀತ್ರಿ ಅಮ್ಮಾ,” ಎಂದೆ. ಜೀವಮಾನದಲ್ಲಿ ಒಂದು ಸಾಮಾನು ಮುರಿದದ್ದಕ್ಕೆ ನಾನು ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಓಢಣಿಯ ತುದಿಯಲ್ಲಿ ಗಂಟು ಹಾಕಿ ತಂದಿದ್ದ ಪಿನ್ನುಗಳನ್ನು ಬಿಚ್ಚಿದೆ. ಮೋಟಾರು ಎತ್ತಿ ಮೇಲಕ್ಕೆ ವಾಲಿಸಿ ಇಬ್ಬರೂ ಫ್ಯಾನಿನ ಮೇಲೆ ಬಗ್ಗಿದೆವು. ಗೇರು ತಿರುಗಿಸಿ ನೋಡಿದೆ, ಒಂದು ಹಲ್ಲೂ ಅಲುಗಿರಲಿಲ್ಲ.

“ಎಷ್ಟು ಉಂಟು ಇನ್ನು?” ಎಂದು ಕೇಳಿದ, ದನಿ ತಗ್ಗಿಸಿ. ಮೊದಲಿನದು ಮೋಟಾರಿನಲ್ಲೇ ಹೋಗಿತ್ತು.

“ಇದೊಂದ್ ಹಾಕಿದ್ರ ಹತ್ತ ಉಳೀತಾವ.”

“ಅದು ಮುಗಿದ ಮೇಲೆ?”

“ಅಂಗಡಿ ಅದ ಅಲ್ರಿ, ಬರ್ರಿ. ಸ್ಯಾಂಪಲ್ ಮಾತ್ರ ತರಬೇಕು.”

“ಇನ್ನು ನನ್ನತ್ರ ಆಗುದಿಲ್ಲ ಶೈಲಶ್ರೀ. ನಿಮ್ಮನ್ನು ನೋಡ್ಲಿಕ್ಕೆ ಸರಿ ಇದ್ದದ್ದನ್ನೂ ಬಿಚ್ಚಿ ತಂದಿದ್ದೇನೆ. ಆ ಬೇರಿಂಗ್ ಕೆಟ್ಟಿರಲೇ ಇಲ್ಲ.”

“ಗೊತ್ತಿತ್ತು.”

ಅವನು ಸ್ಕ್ರೂಡ್ರೈವರ್ ಹಿಡಿದುಕೊಂಡೇ ನನ್ನನ್ನು ನೋಡಿದ. “ಗೊತ್ತಿದ್ದೂ ಹೊಸತು ಕೊಟ್ರಾ?”

“ಕೊಡಲಿಲ್ಲಂದ್ರ ನೀವು ಬರೂದು ನಿಂತೀತು ಅಂತ ಅಂಜಿದ್ದೆ.”

“ನನಗೆ ನೀವು ಬೇಕು,” ಎಂದ. “ಮೋಟಾರ್ ಇರ್ಲಿ, ಇಲ್ಲದಿರ್ಲಿ.”

“ನನಗೂ ನೀವ ಬೇಕು,” ಎಂದೆ. ಗ್ರೀಸ್ ಹತ್ತಿದ ನನ್ನ ಬೆರಳುಗಳ ಮೇಲೆ ಅವನು ಕೈಯಿಟ್ಟ, ನಾನು ತೆಗೆಯಲಿಲ್ಲ.

ಲೀಲಾಕ್ಷಿಯಮ್ಮ ಆಚೆ ದಡದ ಕಡೆಗೇ ಮುಖ ಮಾಡಿ ಕೂತಿದ್ದರು. “ರಿಪೇರಿ ಆಯ್ತಾ? ನಿಧಾನ ಮಾಡಿ, ನನಗೆ ಅರ್ಜೆಂಟ್ ಇಲ್ಲ,” ಎಂದರು.

ಸಂಜೆ ಅಪ್ಪನಿಗೆ ಹೇಳಿದೆ. ಊರು ಬೇರೆ, ಜಾತಿ ಬೇರೆ, ಮನೆಯಲ್ಲಿ ಮೀನು ಮಾಡುತ್ತಾರೆ ಎಂದು ಏನನ್ನೂ ಮುಚ್ಚಿಡಲಿಲ್ಲ. ಅಪ್ಪ ಮೊಣಕಾಲು ತಿಕ್ಕುತ್ತ, “ಸ್ಯಾಂಪಲ್ ನೋಡದ ನಾ ಹ್ಯಾಂಗ ಹೇಳ್ಲಿ? ಒಮ್ಮೆ ಕರಕೊಂಡ ಬಾ,” ಎಂದ.

ಈಗ ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಹಿನ್ನೀರಿಗೆ ಹೋಗುತ್ತೇವೆ. ಬಂದ ಮೇಲೆ ಮೋಟಾರನ್ನು ಶುದ್ಧ ನೀರಿನ ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿಸಿ, ಗೇರಿಗೆ ಎಣ್ಣೆ ಬದಲಾಯಿಸಿ, ಒರೆಸಿ ಇಡುತ್ತೇನೆ. ನೋಡಿಯೇ ಇರದ ಆ ಬಚ್ಚ ಮರಕಾಲರಿಗೆ ನಾನು ಮಾಡುವ ಪೂಜೆ ಅಷ್ಟೇ. ಅವರು ಆರಕ್ಕೆ ಕೈಬಿಟ್ಟಿದ್ದರೆ ನನ್ನ ಸೋಮವಾರಗಳು ಖಾಲಿಯೇ ಇರುತ್ತಿದ್ದವು.

ಆ ಸ್ಟೀಲ್ ಪಿನ್ನನ್ನು ಬಿಸಾಡಲು ನನಗೆ ಮನಸ್ಸಿತ್ತು, ಅತ್ತೆ ಬಿಡಲಿಲ್ಲ. ಮುರಿಯದ್ದು ಇಲ್ಲಿಗೇ ಬೇಕು ಎಂದು ಹೋಟೆಲಿನ ಸ್ಟೋರ್ ರೂಮಿನ ಚಿಲಕಕ್ಕೆ ಸಿಕ್ಕಿಸಿದ್ದಾರೆ. ದಿನಾ ಬೆಳಿಗ್ಗೆ ನಾವಿಬ್ಬರೂ ಉದ್ದು ತೆಗೆಯಲು ಹೋದಾಗ ಅದನ್ನು ಎಳೆದು ನನ್ನ ಕೈಗೆ ಕೊಟ್ಟು, “ಹಿಡ್ಕೊ ಮಗಾ, ನಿನ್ನದು,” ಎನ್ನುತ್ತಾರೆ.