ಲವಂಗದ ಡಬ್ಬಿಯ ಸಕ್ಕರೆ ಗಿಳಿ

ನಾಂಪಲ್ಲಿಯ ಜನವರಿ ಎಕ್ಸಿಬಿಷನ್ನಿನಲ್ಲಿ ಕರ್ನಾಟಕದ ತಿಂಡಿಗಳ ಮಳಿಗೆಯೊಂದಿತ್ತು. ಅಲ್ಲಿ ಕರದಂಟಿನ ಕೊನೆಯ ಬಾಕ್ಸ್ ಒಂದೇ ಉಳಿದಿತ್ತು. ಅದರ ಈ ತುದಿಯನ್ನು ಶಿವದೇವಿ ಹಿಡಿದಿದ್ದಳು, ಆ ತುದಿಯನ್ನು ಯಾವನೋ ಕನ್ನಡಕದ ಹುಡುಗ.

ಮೊದಲು ನೋಡಿದ್ದು ತಾನು ಎಂದು ಅವಳು ತೆಲುಗಿನಲ್ಲಿ ವಾದಿಸಿದಳು. ಮೊದಲು ಮುಟ್ಟಿದ್ದು ತಾನು ಎಂದು ಅವನು ಹಿಂದಿಯಲ್ಲಿ ವಾದಿಸಿದ. ಮಳಿಗೆಯವನು ಇಬ್ಬರ ಮುಖವನ್ನೂ ನೋಡಿ, ನೀವೇ ಬಗೆಹರಿಸಿಕೊಳ್ಳಿ ಎಂದು ಬೇರೆ ಗಿರಾಕಿಯ ಕಡೆ ತಿರುಗಿಬಿಟ್ಟ. ಆಗ ಹುಡುಗ ತನ್ನಷ್ಟಕ್ಕೆ ತಾನೇ ಕನ್ನಡದಲ್ಲಿ ಗೊಣಗಿದ, "ಎಂಥ ಹಟ ಮಾರಾಯ ಈ ಹುಡುಗಿಗೆ."

"ಹಟ ಅಲ್ರಿ," ಎಂದಳು ಶಿವದೇವಿ. "ಕರದಂಟಿನ ಮಾರಿ ನೋಡಿ ಭಾಳ ದಿನಾ ಆಗೇತಿ."

ಹುಡುಗ ಕಿವಿಯ ತನಕ ಕೆಂಪಾದ. ಕನ್ನಡಕ ತೆಗೆದು, ಒರೆಸಬೇಕಾದ ಅಗತ್ಯವೇ ಇಲ್ಲದಿದ್ದರೂ ಒರೆಸಿ, ಮತ್ತೆ ಹಾಕಿಕೊಂಡ. ಆ ಒರೆಸುವ ನೆಪದಲ್ಲಿ ಅವನು ಅವಳನ್ನೊಮ್ಮೆ ನೋಡಿದ್ದು ಅವಳಿಗೆ ಗೊತ್ತಾಯಿತು. ಗೊತ್ತಾಗಲಿ ಎಂದೇ ನೋಡಿದ್ದನೋ ಏನೋ. ಕೊನೆಗೆ ಇಬ್ಬರೂ ಮೆಟ್ರೋ ಮೆಟ್ಟಿಲ ಮೇಲೆ ಕೂತು ಬಾಕ್ಸನ್ನು ಅರ್ಧರ್ಧ ಮಾಡಿಕೊಂಡರು.

ಅವನು ಮನೋಜ, ಉಡುಪಿ ಕಡೆಯವನು, ಇಲ್ಲೊಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದ. ಅವಳು ಗದಗಿನ ಹತ್ತಿರದ ಮುಳಗುಂದದವಳು. ಜೀಡಿಮೆಟ್ಲಾದ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತ, ಚಿಗವ್ವ ಶಂಕ್ರಮ್ಮನ ಮನೆಯಲ್ಲಿ ಇದ್ದಳು.

ಹೈದರಾಬಾದು ಸಿಹಿಗೆ ಬಡ ಊರೇನಲ್ಲ. ಖುಬಾನಿ ಕಾ ಮೀಠಾ ಇದೆ, ಡಬಲ್ ಕಾ ಮೀಠಾ ಇದೆ, ಗಲ್ಲಿಗೊಂದು ಮಿಠಾಯಿ ಅಂಗಡಿ ಇದೆ. ಆದರೆ ನಾಲಿಗೆ ಕೇಳಬೇಕಲ್ಲ. ಅದಕ್ಕೆ ತಾನು ಹುಟ್ಟಿದ ಊರಿನದೇ ಬೇಕು, ಒಂದು ರಾತ್ರಿಯ ಹಾದಿಯಾಚೆ ಬಂದು ಬಿದ್ದರೆ ಅದಕ್ಕದೇ ಪರದೇಶ. ಆಮೇಲಿನ ಭಾನುವಾರಗಳೆಲ್ಲ ಇಬ್ಬರಿಗೂ ಇದೇ ಕೆಲಸವಾಯಿತು. ಕಾಚಿಗುಡದಲ್ಲಿ ಧಾರವಾಡ ಪೇಡೆ ಸಿಗುತ್ತದಂತೆ ಎಂದು ಹೋಗುವುದು, ತಿಂದು, ಇದು ಪೇಡೆಯೇ ಅಲ್ಲ ಎಂದು ಬೈದು ಬರುವುದು. ಕುಂದಾ ಹುಡುಕಿಕೊಂಡು ಶಂಶಾಬಾದಿನ ತನಕ ಹೋಗಿ, ಬಸ್ಸಿಗೆ ಕಾಯುತ್ತ ಬರೀ ಜೋಳದ ತೆನೆ ತಿಂದು ವಾಪಸಾದದ್ದೂ ಉಂಟು. ಸಿಗದೆ ಇದ್ದ ದಿನವೇ ಇಬ್ಬರೂ ಹೆಚ್ಚು ನಗುತ್ತಿದ್ದರು.

ಅವನಿಗೆ ಬೇಕಾಗಿದ್ದದ್ದು ಹಾಲುಬಾಯಿ, ಅಕ್ಕಿ ರುಬ್ಬಿ ಬೆಲ್ಲ ಕಾಯಿಹಾಲು ಹಾಕಿ ಮಗುಚುವ ಅವನ ಅಮ್ಮನ ಕೈಯ ಸಿಹಿ. ಈ ಊರಿನಲ್ಲಿ ಅದರ ಹೆಸರು ಕೇಳಿದವರೂ ಇರಲಿಲ್ಲ. ನಿಮ್ಮ ಬಾಯಿಗೆ ಹಾಲುಬಾಯಿ ಸಿಗೂದಿಲ್ಲ ಬಿಡ್ರಿ ಎಂದು ಶಿವದೇವಿ ಕಾಡಿಸುತ್ತಿದ್ದಳು. ಮನೆಗೆ ಹೋಗಿ ಮಾತ್ರ ಯಾರಿಗೂ ಹೇಳದೆ ಅಕ್ಕಿ ನೆನೆಹಾಕುತ್ತಿದ್ದಳು. ಗಂಟಾಯಿತು, ತಳ ಹಿಡಿಯಿತು, ಆದರೂ ಬಿಡಲಿಲ್ಲ.

ಮಳೆಗಾಲದಲ್ಲೊಂದು ದಿನ ಇರಾನಿ ಹೋಟೆಲಿನಲ್ಲಿ ಚಹಾ ಕುಡಿಯುವಾಗ, ನಿನಗೆ ಎಲ್ಲಕ್ಕಿಂತ ಹೆಚ್ಚು ನೆನಪಾಗುವ ಸಿಹಿ ಯಾವುದು ಎಂದು ಅವನು ಕೇಳಿದ. ಸಕ್ಕರೆ ಆರತಿ, ಎಂದಳು. ಗೌರಿ ಹುಣ್ಣಿಮೆಗೆ ಮರದ ಅಚ್ಚಿನಲ್ಲಿ ಪಾಕ ಹೊಯ್ದು ಮಾಡುವ ಗೊಂಬೆಗಳು. ಆನೆ, ನವಿಲು, ಕಳಸ, ಗಿಳಿ. ತಟ್ಟೆಯಲ್ಲಿಟ್ಟು ಹುಡುಗಿಯರು ಗೌರಿಗೆ ಬೆಳಗಲು ಹೋಗುವುದು, ಬಂದ ಮೇಲೆ ಗಿಳಿಯ ಬಾಲ ಕಡಿದು ತಿನ್ನುವುದು. ಹೇಳುತ್ತ ಹೇಳುತ್ತ ಅವಳ ಚಹಾ ಆರಿಹೋಯಿತು. ಅವನು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದ.

ಆದರೆ ಅವಳು ಹೇಳಿದ್ದು ಅರ್ಧ ಮಾತ್ರ. ಲಗ್ನ ಗೊತ್ತಾದ ಹುಡುಗಿಗೆ ಆ ಗೊಂಬೆಗಳು ಬರುವುದು ಗಂಡಿನ ಮನೆಯಿಂದ ಎಂಬ ಉಳಿದರ್ಧವನ್ನು ನುಂಗಿಕೊಂಡಳು. ಅದನ್ನು ಹೇಳುವಾಗ ಎಲ್ಲಿ ನೋಡಬೇಕೋ ಅವಳಿಗೆ ತಿಳಿಯಲಿಲ್ಲ.

ನುಂಗಲು ಇನ್ನೊಂದು ಕಾರಣವೂ ಇತ್ತು. ಚಿಗವ್ವ ಶಂಕ್ರಮ್ಮನಿಗೂ ಒಂದು ಕಾಲದಲ್ಲಿ ಲಗ್ನ ಗೊತ್ತಾಗಿತ್ತು. ಆ ವರ್ಷದ ಹುಣ್ಣಿಮೆಯ ದಿನ ಹೊಸ ಸೀರೆ ಉಟ್ಟು, ಮುಡಿ ತುಂಬ ಹೂವು ಮುಡಿದು ಪಡಸಾಲೆಯಲ್ಲಿ ಕೂತಿದ್ದಳಂತೆ. ಆರತಿ ನೋಡಲು ಓಣಿಯ ಹೆಂಗಸರೆಲ್ಲ ಬಂದು ಸೇರಿದ್ದರಂತೆ. ದೀಪ ಹಚ್ಚುವ ಹೊತ್ತಾದರೂ ಗಂಡಿನ ಮನೆಯಿಂದ ಯಾರೂ ಬರಲಿಲ್ಲ. ಹೆಂಗಸರು ಒಬ್ಬೊಬ್ಬರೇ ಎದ್ದು ಹೋದರು. ಶಂಕ್ರಮ್ಮ ಮುಂದೆ ಮದುವೆಯ ಮಾತನ್ನೇ ಎತ್ತಗೊಡಲಿಲ್ಲ. ಹೈದರಾಬಾದಿನಲ್ಲಿ ನೌಕರಿ ಹಿಡಿದು ಇಲ್ಲೇ ಉಳಿದಳು. ಗೌರಿ ಹುಣ್ಣಿಮೆ ಬಂತೆಂದರೆ ಆ ಮನೆಯಲ್ಲಿ ಅನ್ನ ಸಾರು ಬಿಟ್ಟು ಬೇರೇನೂ ಆಗುತ್ತಿರಲಿಲ್ಲ.

ಅಂಥ ಹುಣ್ಣಿಮೆಯ ಸಂಜೆಯೇ ಮನೋಜ ಬಾಗಿಲಿಗೆ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಕೈಯಲ್ಲಿ ರಟ್ಟಿನ ಬಾಕ್ಸ್ ಇತ್ತು. ಶಿವದೇವಿ ಮುಚ್ಚಳ ತೆಗೆದಳು. ಒಳಗೆ ಬೆಳ್ಳಗೆ ಆನೆ, ನವಿಲು, ಕಳಸ ಕೂತಿದ್ದವು. ಮೂಲೆಯಲ್ಲಿ ಕತ್ತು ಮುರಿದ ಗಿಳಿಯೊಂದಿತ್ತು.

ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಗದಿಗೆಮ್ಮ ಎಂಬ ಅಜ್ಜಿ ಇದ್ದಾಳೆ, ಇಲ್ಲಿನ ಕನ್ನಡದ ಮನೆಗಳಿಗೆಂದು ಈ ಹಬ್ಬಕ್ಕೆ ಮಾತ್ರ ಅಚ್ಚು ಹೊಯ್ಯುತ್ತಾಳೆ, ಹುಡುಕಿ ಹುಡುಕಿ ಸಾಕಾಯಿತು, ಆಟೋದ ಕುಲುಕಾಟಕ್ಕೆ ಗಿಳಿ ಹೀಗಾಯಿತು, ಎಂದು ಅವನು ಒಂದೇ ಉಸಿರಿಗೆ ಹೇಳಿದ. ಆಮೇಲೆ ಕನ್ನಡಕ ತೆಗೆದು ಒರೆಸಿದ.

"ಇದನ್ನು ಕೊಟ್ಟರೆ ನಿಮ್ಮಲ್ಲಿ ಎಂತ ಅರ್ಥ?"

ಈ ಹುಡುಗಿಗೆ ಬಾಯಿ ಇರಲಿಲ್ಲವೆಂದಲ್ಲ. ಊರಿಗೆಲ್ಲ ಸಾಲುವಷ್ಟು ಬಾಯಿ ಇತ್ತು, ಬೇಕಾದ ಹೊತ್ತಿನಲ್ಲಿ ಮಾತ್ರ ಕೈಕೊಟ್ಟಿತು. ಪಾಪ, ಇವನಿಗೇನು ಗೊತ್ತು, ಉಡುಪಿಯ ಹುಡುಗ. ನಾನು ಅರ್ಥ ಹೇಳಿದರೆ ನಾಚಿಕೆಯಿಂದ ನೆಲಕ್ಕಿಳಿದು ಹೋಗುತ್ತಾನೆ. ಅವನು ಸುಮ್ಮನೆ ತಂದ ಸಕ್ಕರೆಗೆ ಅರ್ಥ ಕಟ್ಟಿಕೊಂಡು ನಾನೂ ಚಿಗವ್ವನ ಹಾಗೆ ಕಾಯುತ್ತ ಕೂರಬೇಕಾಗುತ್ತದೆ. ಹೀಗೆಲ್ಲ ಲೆಕ್ಕ ಹಾಕಿದಳು. ಜಾಣೆಯಂತೆ ನಕ್ಕಳು.

"ಅರ್ಥ ಏನಿಲ್ರಿ. ಸಣ್ಣ ಹುಡುಗ್ಯಾರಿಗೆ ಕೊಡ್ತಾರ, ಆಡಾಕ."

ಮನೋಜ ಕನ್ನಡಕ ಹಾಕಿಕೊಂಡ. ಹಾಗಾದರೆ ಸರಿ, ಎಂದ. ಚಹಾ ಕುಡಿದ. ಅವಳು ಅಂತೂ ಇಂತೂ ಕಲಿತು ಮಾಡಿದ್ದ ಹಾಲುಬಾಯಿಯನ್ನು ಡಬ್ಬಿಗೆ ತುಂಬಿ ಕೊಟ್ಟಾಗ ಅದನ್ನು ಎರಡೂ ಕೈಯಿಂದ ತೆಗೆದುಕೊಂಡ. ತನ್ನ ಮನಸ್ಸೆಲ್ಲ ಆ ಡಬ್ಬಿಯಲ್ಲಿದೆ, ತಿಂದರೆ ತಿಳಿಯುತ್ತದೆ, ಎಂದು ಅವಳು ನಂಬಿದ್ದಳು.

ಅವನು ಹೋದ ಮೇಲೆ ಒಳಗಿನಿಂದ ಚಿಗವ್ವ ಬಂದಳು. ಗೊಂಬೆಗಳನ್ನು ಮುಟ್ಟಲಿಲ್ಲ, ದೂರದಿಂದಲೇ ನೋಡಿದಳು. "ಖರೇ ಹೇಳಬೇಕಿತ್ತವಾ ನೀ," ಎಂದಳು.

ಹೇಳೋಣ, ಹೇಳೋಣ, ಎಂದುಕೊಂಡೇ ಶಿವದೇವಿ ಗೊಂಬೆಗಳನ್ನು ಅಕ್ಕಪಕ್ಕದ ಮನೆಗಳಿಗೆ ಹಂಚಿದಳು. ಮುರಿದ ಗಿಳಿಯನ್ನು ಮಾತ್ರ ಇರುವೆ ಬರಬಾರದೆಂದು ಲವಂಗದ ಡಬ್ಬಿಯಲ್ಲಿಟ್ಟಳು. ಅಲ್ಲಿಂದಾಚೆ ಮನೋಜನ ಭಾನುವಾರಗಳು ಕಡಿಮೆಯಾದವು. ಒಮ್ಮೆ ಆಫೀಸಿನ ಕೆಲಸ, ಒಮ್ಮೆ ಊರಿನಿಂದ ಯಾರೋ ಬಂದಿದ್ದಾರೆ, ಒಮ್ಮೆ ತಲೆನೋವು. ಫೋನೂ ಅಪರೂಪವಾಯಿತು. ಇವಳೂ ಬಿಗುಮಾನದಿಂದ ಸುಮ್ಮನಾದಳು.

ಮರುವರ್ಷದ ಗೌರಿ ಹುಣ್ಣಿಮೆ ಹತ್ತಿರ ಬಂದಾಗ ಅವನ ಫೋನು ಬಂತು. ಮದುವೆ ನಿಶ್ಚಯವಾಗಿದೆ ಎಂದ. ಹುಡುಗಿ ಬೈಲಹೊಂಗಲದವಳು, ಸ್ನೇಹಲತಾ, ಅವನ ಆಫೀಸಿನವಳೇ. ಗಂಡಿನ ಕಡೆಯಿಂದ ಸಕ್ಕರೆ ಆರತಿ ಹೋಗಬೇಕಂತೆ, ನಮ್ಮ ಅಮ್ಮನಿಗೆ ಇದೆಲ್ಲ ಗೊತ್ತಿಲ್ಲ, ಏನೇನು ಇಡಬೇಕು ಅಂತ ಸ್ವಲ್ಪ ಬಂದು ಹೇಳಬಹುದಾ, ಎಂದು ಕೇಳಿದ. ಶಿವದೇವಿಯ ಬಾಯಿ, ಆಗಲಿ, ಬರುತ್ತೇನೆ, ಎಂದಿತು. ಫೋನಿಟ್ಟ ಮೇಲೆ ಅವಳು ನಲ್ಲಿ ತಿರುಗಿಸಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಗದಿಗೆಮ್ಮನ ಮನೆಯೆಂದರೆ ಒಂದೇ ಕೋಣೆ. ನೀರಿನ ಬಕೆಟ್ಟಿನಲ್ಲಿ ಮರದ ಅಚ್ಚುಗಳು ನೆನೆಯುತ್ತಿದ್ದವು. ಒಲೆಯ ಮೇಲೆ ಪಾಕ ಕುದಿಯುತ್ತಿತ್ತು. ಅಜ್ಜಿ ಮನೋಜನನ್ನು ನೋಡಿದವಳೇ ಗುರುತು ಹಿಡಿದಳು. ಆಮೇಲೆ ಶಿವದೇವಿಯನ್ನು ಮೇಲಿನಿಂದ ಕೆಳಗೆ ನೋಡಿ ಮುಖ ಅರಳಿಸಿದಳು.

"ಇಕೀನs ಏನು ತಮ್ಮಾ? ಹ್ವಾದ ವರ್ಷ ಎಷ್ಟ್ ಹೇಳಿದ್ನಿ ಇವಗ, ಲಗ್ನ ಗೊತ್ತಾದ ಹುಡುಗಿಗೆ ಒಯ್ಯೂದೋ ಇದು, ಸುಮ್ ಸುಮ್ನ ಒಯ್ಯಬ್ಯಾಡ ಅಂತ. ಲಗ್ನ ಇನ್ನೂ ಗೊತ್ತಾಗಿಲ್ಲ ಅಜ್ಜಿ, ಇದನ್ನ ಕೊಟ್ಟs ಕೇಳ್ತೀನಿ ಅಂದಾಂವ. ನೀ ಹೂಂ ಅಂದ್ಯಲ್ಲವಾ, ಚಲೋ ಆತು."

ಮನೋಜ ನೆಲ ನೋಡುತ್ತಿದ್ದ. ಶಿವದೇವಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇವನಿಗೆ ಗೊತ್ತಿತ್ತು. ಎಲ್ಲ ಗೊತ್ತಿದ್ದೇ ತಂದಿದ್ದ. ಗೊತ್ತಿದ್ದೇ ಕೇಳಿದ್ದ.

"ಚಲೋ ಗೊಂಬಿ ಆರಿಸಿ ಕೊಡ್ರಿ ಅಜ್ಜಿ," ಎಂದಳು ಕೊನೆಗೆ. "ಮುರದದ್ದು ಬ್ಯಾಡ."

ಹೊರಗೆ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಇಬ್ಬರೂ ಕೂತರು. ನಡುವೆ ಬಾಕ್ಸ್ ಇತ್ತು. ಅವನ ಬೈಲಹೊಂಗಲದ ಪ್ರಯಾಣ ಆ ಸಂಜೆಯದೇ.

"ನಾನು ಕೇಳಿದ್ದೆ ಅಲ್ವಾ ಶಿವದೇವಿ, ಎಂತ ಅರ್ಥ ಅಂತ? ನೀನು ಏನಿಲ್ಲ ಅಂದೆ. ಬೇಡ ಅನ್ನುದನ್ನೇ ನನಗೆ ನೋವಾಗದ ಹಾಗೆ ಹೇಳಿದೆ ಅಂದುಕೊಂಡೆ. ಮೇಲಿಂದ ಹಾಲುಬಾಯಿ ಬೇರೆ ಕೊಟ್ಟೆ. ತಂದದ್ದಕ್ಕೆ ತಿರುಗಿ ಕೊಟ್ಟು ಮುಗಿಸಿದೆ ಅಂದುಕೊಂಡೆ. ಅದನ್ನು ತಿನ್ಲಿಕ್ಕೇ ಆಗಲಿಲ್ಲ ನನಗೆ."

"ಅದನ್ನ ಕಲಿಯಾಕ ಎಷ್ಟ್ ತಿಂಗಳ ಹಿಡೀತು ಗೊತ್ತೇನ್ರಿ," ಎಂದಳು ಶಿವದೇವಿ. ಕಣ್ಣು ತುಂಬಿ ಬಂದವು, ಒರೆಸಿಕೊಳ್ಳಲಿಲ್ಲ. "ನಿಮಗ ಗೊತ್ತಿಲ್ಲ ಅಂತ ತಿಳಕೊಂಡಿದ್ನಿ. ನಿಮಗ ನಾಚಿಕಿ ಆಗಬಾರದು ಅಂತ ಹಂಗಂದ್ನಿ. ನೀವು ನನಗ ಬೇಕಾಗಿದ್ರಿ ಮನೋಜ್. ಈಗೂ ಬೇಕs ಅದೀರಿ."

ಅವನ ಕೈ ಬಾಕ್ಸಿನ ಮೇಲಿತ್ತು.

"ಒಂದು ಮಾತು ಹೇಳು ಸಾಕು. ಇದನ್ನು ನಾನು ಎಲ್ಲಿಗೂ ಕೊಂಡೋಗುದಿಲ್ಲ."

ವರ್ಷವಿಡೀ ಅವಳು ಕೇಳಬೇಕೆಂದಿದ್ದ ಮಾತು ಅದೇ. ಹೇಳಿಬಿಡು, ಹೇಳಿಬಿಡು, ಎಂದು ಜೀವ ಹೊಡೆದುಕೊಂಡಿತು. ಆದರೆ ಅವಳು ಬಾಕ್ಸನ್ನು ನೋಡಿದಳು. ಹುಡುಗಿ ಹೇಗೆ ಎಂದು ಕೇಳಿದಳು. ಒಳ್ಳೆಯವಳು ಎಂದ ಮನೋಜ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ನಾಳೆ ಆರತಿ ಬರುತ್ತದೆ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳಂತೆ, ಸೀರೆಗೆ ಹೊಂದುವ ಬಳೆಯನ್ನೂ ಆರಿಸಿಟ್ಟಿದ್ದಾಳಂತೆ.

ಹೊಸ ಸೀರೆ, ಮುಡಿ ತುಂಬ ಹೂವು, ಪಡಸಾಲೆಯಲ್ಲಿ ಸೇರಿದ ಹೆಂಗಸರು. ದೀಪ ಹಚ್ಚುವ ಹೊತ್ತು. ಶಿವದೇವಿ ಎದ್ದು ಎದುರಿನ ಬಂಡಿಯಿಂದ ಚುರುಮುರಿಯ, ಬರೀ ಒಣ ಮಂಡಕ್ಕಿಯ, ಪೊಟ್ಟಣ ತಂದಳು. ಬಾಕ್ಸ್ ಬಿಚ್ಚಿ ಆನೆಯ ಕಾಲಿನ ಸುತ್ತ, ನವಿಲಿನ ಬಾಲದ ಕೆಳಗೆ, ಗಿಳಿಯ ಕತ್ತಿನ ಎರಡೂ ಬದಿಗೆ, ಕುಲುಕಾಟಕ್ಕೆ ಮುರಿಯದಂತೆ, ಚುರುಮುರಿ ಒತ್ತಿ ಒತ್ತಿ ತುಂಬಿದಳು. ಮನೋಜ ಅವಳ ಕೈಗಳನ್ನೇ ನೋಡುತ್ತಿದ್ದ.

"ಆಕೀನ ಕಾಯಿಸಬ್ಯಾಡ್ರಿ," ಎಂದಳು. "ನಮ್ಮ ಮನ್ಯಾಗ ಒಬ್ಬಾಕಿ ಕಾದದ್ದ ಸಾಕು. ತೊಡಿ ಮ್ಯಾಲೆ ಇಟಕೊಂಡ ಹೋಗ್ರಿ, ಬಸ್ಸಿನ್ಯಾಗ ಕೆಳಗ ಇಡಬ್ಯಾಡ್ರಿ."

ಅವನು ಬಾಕ್ಸನ್ನು ಎರಡೂ ಕೈಯಿಂದ ತೆಗೆದುಕೊಂಡ. ಆಟೋ ಹತ್ತಿದ ಮೇಲೂ ತಿರುಗಿ ತಿರುಗಿ ನೋಡಿದ. ಕನ್ನಡಕ ಈ ಸಲ ನಿಜವಾಗಿಯೂ ಒರೆಸಬೇಕಾಗಿತ್ತು. ಕೈ ಖಾಲಿ ಇರಲಿಲ್ಲ.

ಮನೆಗೆ ಬಂದಾಗ ಶಂಕ್ರಮ್ಮ ಅಕ್ಕಿ ಆರಿಸುತ್ತಿದ್ದಳು. ಶಿವದೇವಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಒಂದೂ ಬಿಡದೆ ಎಲ್ಲ ಹೇಳಿದಳು. ಚಿಗವ್ವನ ಬೆರಳುಗಳು ಮೊರದಲ್ಲಿ ನಿಂತುಬಿಟ್ಟವು. "ನಾಳೆ ಆ ಹುಡುಗಿ ಬಾಗಲಾ ನೋಡಿಕೋತ ಕುಂಡ್ರೂದಿಲ್ಲ, ಅಷ್ಟs ಸಾಕು," ಎಂದಳು. ಆಮೇಲೆ ಹೆತ್ತ ಮಗಳೆಂಬಂತೆ ಶಿವದೇವಿಯ ತಲೆಯನ್ನು ತನ್ನ ತೊಡೆಗೆ ಎಳೆದುಕೊಂಡಳು. ಶಿವದೇವಿ ಆಗ ಅತ್ತಳು.

ಅತ್ತು ಮುಗಿದ ಮೇಲೆ ಮುಖ ತೊಳೆದು ಚಹಾಕ್ಕೆ ನೀರಿಟ್ಟಳು. ಸಕ್ಕರೆ ಡಬ್ಬಿಗೆ ಹೋದ ಕೈ ಅಲ್ಲೇ ನಿಂತಿತು. ಲವಂಗದ ಡಬ್ಬಿ ತೆಗೆದಳು. ಒಂದು ವರ್ಷಕ್ಕೆ ಗಿಳಿ ಹಳದಿ ತಿರುಗಿತ್ತು, ಕೊಕ್ಕು ಸವೆದಿತ್ತು. ಅದನ್ನು ಕುದಿಯುವ ನೀರಿಗೆ ಹಾಕಿ, ಪೂರ್ತಿ ಕರಗುವ ತನಕ ಚಮಚದಿಂದ ತಿರುವಿದಳು.

ಇಬ್ಬರೂ ಬಾಗಿಲಲ್ಲಿ ಕೂತು ಚಹಾ ಕುಡಿದರು. ಲವಂಗದ ವಾಸನೆ ಬರುತ್ತಿತ್ತು, ಸಿಹಿ ಜಾಸ್ತಿಯಾಗಿತ್ತು. ಯಾರೂ ಉಳಿಸಲಿಲ್ಲ.