ಇಪ್ಪತ್ತೈದು ಇಂಚಿನ ಕಾಂಚನಾ

“ಇದು ಬ್ಯಾಡ. ಇದೂ ಬ್ಯಾಡ. ಇದಂತೂ ಬ್ಯಾಡಾ ಬ್ಯಾಡ!”

ಸ್ನೇಹಾ ಮೊಬೈಲಿನ ಮೇಲೆ ಬೆರಳು ಸರಿಸುತ್ತಲೇ ಇದ್ದಳು. ಪಕ್ಕದಲ್ಲಿ ಕೂತಿದ್ದ ಕಾಂಚನಾಗೆ ಒಂದು ಫೋಟೊ ಸರಿಯಾಗಿ ಕಾಣುವ ಮೊದಲೇ ಇನ್ನೊಂದು ಬಂದುಬಿಡುತ್ತಿತ್ತು.

“ಸ್ನೇಹಕ್ಕಾ, ಸ್ವಲ್ಪ ತಡಿ. ನನಗೂ ನೋಡಾಕ ಬಿಡು.”

“ನಿನಗೇನ್ ತಿಳೀತೈತಿ? ಈ ಸೀಜನ್ ಪೂರಾ ಪೇಸ್ಟಲ್ ನಡದೈತಿ.”

“ಪೇಸ್ಟಲ್ ಅಂದ್ರ ಏನವಾ?” ಎಂದು ಅಜ್ಜಿ ಸುಮಿತ್ರವ್ವ ಕತ್ತು ಚಾಚಿ ನೋಡಿದಳು. ತೆಳು ಗುಲಾಬಿ, ತೆಳು ಹಸಿರು, ತೆಳು ನೀಲಿ. “ಅಯ್ಯ, ಇವೆಲ್ಲಾ ಹತ್ತು ಸಲ ಒಗದ ಬಣ್ಣ! ಮದುವಿಗೆ ಹೊಸಾವು ಹಾಕ್ಕೊಳ್ರೇ!”

ಹೊಲಿಗೆ ಮಶೀನಿನ ಹಿಂದೆ ಕೂತಿದ್ದ ಬಾನುಬಿ ಆಯಿ ಕಿಸಕ್ಕನೆ ನಕ್ಕಳು.

ಇದೆಲ್ಲ ನಡೆದದ್ದು ಬೆಟಗೇರಿಯಲ್ಲಿ, ಬಾನುಬಿ ಆಯಿಯ ಮನೆಯ ಮುಂದಿನ ಖೋಲಿಯಲ್ಲಿ. ಇನ್ನು ಹದಿನೈದು ದಿನಕ್ಕೆ ಕಾಂಚನಾಳ ಅಪ್ಪನ ತಂಗಿ ಅನ್ನಪೂರ್ಣ ಅತ್ತೆಯ ಮದುವೆ. ಗಂಡಿನ ಊರು ಶಿರಹಟ್ಟಿ, ಮದುವೆಯೂ ಅಲ್ಲೇ. ಕಾಂಚನಾ ಮತ್ತು ಸ್ನೇಹಾ ಇಬ್ಬರೂ ಕಳಸಗಿತ್ತಿಯರು. ಮದುಮಗಳ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು, ಕೈಯಲ್ಲಿ ಕಳಸ ಹಿಡಿದು ಮಂಟಪಕ್ಕೆ ನಡೆದು ಬರಬೇಕು. ಎಲ್ಲರ ಕಣ್ಣೂ, ಎಲ್ಲರ ಕ್ಯಾಮರಾವೂ ಅವರ ಮೇಲೇ. ಅದಕ್ಕೇ ದೊಡ್ಡತ್ತೆಯ ಮಗಳು ಸ್ನೇಹಾ ಶಾಲೆಗೆ ಸೂಟಿ ಬಿದ್ದ ಮರುದಿನವೇ ಲಕ್ಷ್ಮೇಶ್ವರದಿಂದ ಬಸ್ಸು ಹತ್ತಿ ಬಂದಿದ್ದಳು. ಅವಳು ಏಳನೆಯ ಕ್ಲಾಸು ಮುಗಿಸಿದ್ದಳು. ಕಾಂಚನಾ ಐದನೆಯದು.

“ಡ್ರೆಸ್ ಹೆಂಗರ ಇರಲಿ. ಹೇರ್‌ಸ್ಟೈಲ್ ಮಾತ್ರ ಮೆಸ್ಸಿ ಬನ್ನು. ಅದನ್ನ ಪಾರ್ಲರ್‌ನಾಗ ಮಾಡಸಬೇಕು,” ಎಂದಳು ಸ್ನೇಹಾ.

“ಅಂದ್ರ?”

“ಕೂದ್ಲಾ ಸ್ವಲ್ಪ ಕೆದರಿದಂಗ ಕಾಣಬೇಕಜ್ಜಿ.”

“ಅದಕ್ಕ ಪಾರ್ಲರ್ ಯಾಕ? ನಮ್ಮ ಕಾಂಚಿ ದಿನಾ ಮುಂಜಾನೆ ಎದ್ದಾಗ ಹಾಂಗ ಇರ್ತಾಳ!”

ಎಲ್ಲರೂ ನಕ್ಕರು. ಕಾಂಚನಾಳೂ ನಕ್ಕಳು.

ಕೊನೆಗೆ ಅನ್ನಪೂರ್ಣ ಅತ್ತೆಯೇ ಮೊಬೈಲು ಕಿತ್ತುಕೊಂಡಳು. “ಮದುವಿ ಯಾರ್ದು? ನಂದು. ನಾ ಹೇಳಿದ್ದ ಫೈನಲ್. ಮ್ಯಾಲ ಗಿಳಿಹಸಿರು ಖಣದ ಬಟ್ಟಿ, ಕೆಳಗ ಅಗಲಕ್ಕ ಹರಡೋ ಗುಲಾಬಿ ಘೇರು, ಕಾಲ ತನಕ ಲಾಂಗ್ ಗೌನು. ಇಬ್ಬರಿಗೂ ಸೇಮ್ ಟು ಸೇಮ್. ತಲಿಗೆ ಮಲ್ಲಿಗಿ.”

ಸ್ನೇಹಾ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಳು. ಆಮೇಲೆ ಅಂಥದ್ದೇ ಗೌನಿನ ಫೋಟೊ ಹುಡುಕಿ ನೋಡಿ, “ಪರವಾಗಿಲ್ಲ, ಇದೂ ಟ್ರೆಂಡಿಂಗ್ ಐತಿ,” ಎಂದಳು. ನಂತರ ಕಾಂಚನಾಳನ್ನು ಮೇಲಿಂದ ಕೆಳಗೆ ನೋಡಿದಳು. “ಆದ್ರ ಕಾಂಚಿ, ಇದು ತೆಳ್ಳಗಿದ್ದೋರಿಗೆ ಚಂದ. ರೀಲ್ಸ್ ಮಾಡೋವಾಗ ನೀ ಸ್ವಲ್ಪ ನನ್ನ ಹಿಂದ ನಿಂದ್ರು. ಹೂಂ?”

ಸ್ನೇಹಾ ಅದನ್ನು ಸಿಟ್ಟಿನಿಂದೇನೂ ಹೇಳಲಿಲ್ಲ. ಹೇಳಿ, ಸೆಲ್ಫಿ ತೆಗೆಯಲು ಬಾಗಿಲ ಹೊರಗೆ ಹೋದಳು. ಆದರೆ ಆ ಮಾತು ಹೋಗದೆ ಕಾಂಚನಾಳ ಕಿವಿಯಲ್ಲೇ ಕೂತುಬಿಟ್ಟಿತು.

ಬಾನುಬಿ ಆಯಿ ಕೊರಳಿಗೆ ಟೇಪು ಹಾಕಿಕೊಂಡು ಎದ್ದಳು. ಬರೆಯುವ ಕೆಲಸ ಕಾಂಚನಾಳದು. “ನನ್ನ ಕೈಯಾಗ ಟೇಪು, ನಿನ್ನ ಕೈಯಾಗ ಪೆನ್ನು. ನಾ ಹೇಳಿದ್ದ ಬರಕೊ ಬೇಟಿ.” ಸ್ನೇಹಾಳ ಅಳತೆ ಆಗಲೇ ಮುಗಿದಿತ್ತು. ಅಳತೆ ಪುಸ್ತಕದಲ್ಲಿ ಅವಳ ಹೆಸರಿನ ಕೆಳಗೆ ‘ಸೊಂಟ 24’ ಎಂದಿತ್ತು.

ಈಗ ಕಾಂಚನಾಳ ಸರದಿ. ಭುಜ, ತೋಳು, ಉದ್ದ, ಒಂದೊಂದನ್ನೂ ಆಯಿ ಹೇಳಿದಳು, ಕಾಂಚನಾ ಪುಸ್ತಕವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಬರೆದಳು.

“ಸೊಂಟ ಇಪ್ಪತ್ತೆಂಟು.”

ಕಾಂಚನಾ ಎರಡು ಬರೆದಳು. ಪೆನ್ನು ನಿಂತಿತು. ಅಜ್ಜಿ ಮತ್ತು ಅತ್ತೆ ಮದುವೆ ಸೀರೆಯ ಸೆರಗು ಬಿಡಿಸಿ ನೋಡುತ್ತಿದ್ದರು. ಸ್ನೇಹಾ ಹೊರಗಿದ್ದಳು. ಆಯಿ ಟೇಪು ಸುತ್ತುತ್ತಿದ್ದಳು. ಹದಿನೈದು ದಿನ ಐತಲ್ಲ, ಅಷ್ಟರಾಗ ತೆಳ್ಳಗಾದ್ರ ಆತು, ಎಂದುಕೊಂಡು ಕಾಂಚನಾ ಎರಡರ ಮುಂದೆ ಐದು ಬರೆದಳು.

‘ಸೊಂಟ 25.’ ನೋಡಲು ಬಹಳ ಚೆಂದ ಕಂಡಿತು.

ಅವತ್ತಿನಿಂದಲೇ ತೆಳ್ಳಗಾಗುವ ಕೆಲಸ ಶುರುವಾಯಿತು. ಕಾಂಚನಾ ಮಾಳಿಗೆಯ ಮೇಲೆ ಹಗ್ಗದಾಟ ಆಡಿದಳು. ಮುನ್ನೂರು ಜಿಗಿಯುವಷ್ಟರಲ್ಲಿ ಕೆಳಗಿನಿಂದ ಅವ್ವ ಕೂಗಿದಳು, “ಯಾರದು? ಮ್ಯಾಲಿಂದ ಸುಣ್ಣ ಉದುರಾಕ ಹತ್ತೈತಿ, ಅನ್ನದ ಬೋಗಾಣಿಯೊಳಗ!” ಹಗ್ಗದಾಟ ಅಲ್ಲಿಗೆ ನಿಂತಿತು.

ಊಟ ಬಿಡೋಣವೆಂದರೆ ಮದುವೆ ಮನೆ. ಒಂದು ಕಡೆ ಬುಂದೆ ಉಂಡಿ, ಇನ್ನೊಂದು ಕಡೆ ಚಕ್ಕುಲಿ. ಬಂದ ನೆಂಟರೆಲ್ಲ “ಬಾಯಿ ತೆಗಿ” ಎಂದು ಒಂದೊಂದು ತುರುಕಿಯೇ ಬಿಡುವರು. ಮೂರು ದಿನ ಹೇಗೋ ತಡೆದಳು. ನಾಲ್ಕನೆಯ ದಿನ ಅಪ್ಪ ಬಿಸಿ ಮಿರ್ಚಿ ಭಜಿ ತಂದ. ಕಾಗದದ ಪೊಟ್ಟಣ ಬಿಚ್ಚಿದ್ದಷ್ಟೇ ಕಾಂಚನಾಗೆ ನೆನಪು. ಆಮೇಲೆ ನೋಡಿದರೆ ನಾಲ್ಕು ಮಿರ್ಚಿಯ ತೊಟ್ಟು ಅವಳ ತಟ್ಟೆಯಲ್ಲಿದ್ದವು.

ಮರುದಿನ ಸೊಂಟಕ್ಕೆ ರಿಬ್ಬನ್ ಸುತ್ತಿ, ಅದನ್ನು ನೆಲದ ಮೇಲೆ ಹಾಸಿ ಸ್ಕೇಲಿನಿಂದ ಅಳೆದಳು. ಇಪ್ಪತ್ತೆಂಟೂವರೆ. ಸ್ಕೇಲೇ ಸರಿಯಿಲ್ಲ ಅನ್ನಿಸಿತು.

ಎಂಟು ದಿನದ ಮೇಲೆ ಟ್ರಯಲ್ ನೋಡಲು ಎಲ್ಲರೂ ಆಯಿಯ ಮನೆಗೆ ಹೋದರು. ಸ್ನೇಹಾಳ ಗೌನು ಅವಳಿಗೆ ಅಚ್ಚು ಹಾಕಿದಂತೆ ಕೂತಿತು. ಅವಳು ಗಿರಗಿರ ತಿರುಗಿದಳು, ಗುಲಾಬಿ ಘೇರು ಕೊಡೆಯ ಹಾಗೆ ಅರಳಿತು.

ಕಾಂಚನಾಳ ಗೌನು ತಲೆಯಿಂದ ಇಳಿಯಿತು, ತೋಳಿಗೂ ಹಿಡಿಯಿತು. ಬೆನ್ನ ಹಿಂದಿನ ಚೈನು ಮಾತ್ರ ಅರ್ಧಕ್ಕೆ ನಿಂತಿತು.

“ಉಸಿರು ಹಿಡಿ,” ಎಂದಳು ಅತ್ತೆ. ಕಾಂಚನಾ ಹಿಡಿದಳು. ಚೈನು ಏಳಲಿಲ್ಲ.

“ಇನ್ನೂ ಜೋರ ಹಿಡಿ!”

ಕಾಂಚನಾಳ ಮುಖ ಟೊಮ್ಯಾಟೊ ಆಯಿತು. ಚೈನು ಮಾತ್ರ ಇದ್ದಲ್ಲೇ ಇತ್ತು.

ಬಾನುಬಿ ಆಯಿ ಟೇಪು ತಂದು ಸೊಂಟಕ್ಕೆ ಸುತ್ತಿದಳು. ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಪುಸ್ತಕ ತೆಗೆದು ನೋಡಿದಳು. ಮತ್ತೆ ಟೇಪು ನೋಡಿದಳು.

“ಇಪ್ಪತ್ತೈದು ಹೇಳೀನಿ ನಾನು,” ಎಂದಳು ಮೆಲ್ಲಗೆ. “ಮೂರಿಂಚು ತಪ್ಪೀನಿ.”

ಕಾಂಚನಾ ತಲೆ ತಗ್ಗಿಸಿ ಗೌನು ಬಿಚ್ಚಿ ಕೊಟ್ಟಳು. ಆಯಿ ಅದನ್ನು ತಿರುವಿ ಒಳಮೈ ತೋರಿಸಿದಳು. ಪಕ್ಕದ ಹೊಲಿಗೆಯಲ್ಲಿ ಬಟ್ಟೆ ಧಾರಾಳ ಬಿಟ್ಟಿದ್ದಳು. “ಬೆಳಿಯೋ ಹುಡುಗ್ಯಾರು, ಯಾವಾಗ್ಲೂ ಬಿಟ್ಟಿರ್ತೀನಿ. ಬಿಚ್ಚಿ ಹೊಲದ್ರ ಬರೋಬ್ಬರಿ ಆಗತೈತಿ.”

ಅಬ್ಬಾ! ಕಾಂಚನಾ ಉಸಿರು ಬಿಟ್ಟಳು. ಗೌನು ಸರಿಹೋಗುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ, ಅಲ್ಲಿಗೆ ಮುಗಿಯಿತು.

ಆದರೆ ಮುಗಿದಿರಲಿಲ್ಲ. ಬಾನುಬಿ ಆಯಿ ಕಪಾಟು ತೆರೆದು ಒಂದು ಕೆಂಪು ರೇಷ್ಮೆ ತುಂಡು ತೆಗೆದಳು. ಅದು ಅನ್ನಪೂರ್ಣ ಅತ್ತೆ ಧಾರೆಗೆ ಉಡುವ ಸೀರೆಯ ಜಂಪರಿನದು. ಇನ್ನೂ ಕತ್ತರಿ ಬಿದ್ದಿರಲಿಲ್ಲ. ಆಯಿ ಅದನ್ನು ಅಂಗೈಯಿಂದ ಒಮ್ಮೆ ಸವರಿ, ಮಡಚಿ, ಅಜ್ಜಿಯ ಕೈಗೆ ಕೊಟ್ಟಳು.

“ಇದನ್ನ ಬ್ಯಾರೆ ಕಡೆ ಕೊಡ್ರಿ, ಸುಮಿತ್ರಕ್ಕಾ.”

“ಏನ್ ಮಾತಂತ ಆಡ್ತಿ, ಬಾನುಬಿ? ನನ್ನ ಮದುವಿ ಜಂಪರ್ ನಿಮ್ಮವ್ವ ಹೊಲದಾಳ. ನನ್ನ ದೊಡ್ಡ ಮಗಳದು ನೀ ಹೊಲದಿ. ಇಕಿದು ಬ್ಯಾರೆಯವರ ಕಡೆ ಕೊಡೂದ?”

“ಕಣ್ಣಿನ ಡಾಕ್ಟ್ರು ಹೇಳ್ಯಾರ, ಪೊರಿ ಬರಾಕ ಹತ್ತೈತಿ ಅಂತ. ದೂರಂದು ಮಬ್ಬು ಇರಲಿ, ಟೇಪಿನ ಅಂಕಿ ಕಾಣ್ತಾವಲ್ಲ ಅಂತ ನಾ ಧೈರ್ಯ ಮಾಡಿದ್ದೆ. ಈಗ ಎಂಟು ಐದಾಗಿ ಕಂಡೈತಿ. ಕೂಸಿನ ಗೌನು ಬಿಚ್ಚಿ ಹೊಲೀಬಹುದು. ಮದುಮಗಳ ಜಂಪರಿಗೆ ತಪ್ಪು ಕತ್ತರಿ ಬಿದ್ರ?”

ಅಜ್ಜಿ ಎಷ್ಟು ಹೇಳಿದರೂ ಆಯಿ ಕೇಳಲಿಲ್ಲ. ಕಾಂಚನಾಳ ಗೌನನ್ನು ಮಾತ್ರ ಇಟ್ಟುಕೊಂಡಳು.

ಎಲ್ಲರೂ ಮನೆಗೆ ಬಂದರು. ಕಾಂಚನಾಗೆ ಈಗ ಹೇಳಲಾ, ಆಮೇಲೆ ಹೇಳಲಾ ಎನ್ನುವುದರಲ್ಲೇ ಊಟ ಮುಗಿಯಿತು. ಅವ್ವ ಗದಗಿನ ಟೇಲರುಗಳಿಗೆಲ್ಲ ಫೋನು ಮಾಡಿದಳು. ಮದುವೆ ಸೀಜನ್ನು, ಯಾರೂ ತೆಗೆದುಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಒಂದು ಬುಟಿಕ್‌ನವರು “ತರ್ರಿ, ನೋಡೋಣ” ಎಂದರು.

ಮರುದಿನ ಬೆಳಿಗ್ಗೆ ಅಜ್ಜಿ ಕೆಂಪು ರೇಷ್ಮೆಯ ಚೀಲ ಹಿಡಿದು ಹೊರಟಳು. ಅತ್ತೆ, ಸ್ನೇಹಾ, ಕಾಂಚನಾ ಹಿಂದೆ. ಆಟೊ ಸಿಗುವ ರಸ್ತೆಗೆ ಬಾನುಬಿ ಆಯಿಯ ಮನೆ ಮುಂದೆಯೇ ಹೋಗಬೇಕು.

ದಿನವೂ ಇಷ್ಟೊತ್ತಿಗೆ ಆ ಮನೆಯಿಂದ ಟಕಟಕ ಸದ್ದು ಬೀದಿಯವರೆಗೆ ಕೇಳಿಸುತ್ತಿತ್ತು. ಇವತ್ತು ಬಾಗಿಲು ತೆರೆದಿತ್ತು, ಸದ್ದಿರಲಿಲ್ಲ. ಕಾಂಚನಾ ಇಣುಕಿದಳು. ಮಶೀನಿನ ಮೇಲೆ ಹಳೆಯ ಚಾದರ ಹೊದಿಸಿತ್ತು. ಆಯಿ ಪಕ್ಕದಲ್ಲಿ ಸುಮ್ಮನೆ ಕೂತಿದ್ದಳು. ಕೈಗಳೆರಡೂ ಮಡಿಲಲ್ಲಿದ್ದವು. ಕೆಲಸವಿಲ್ಲದ ಆ ಕೈಗಳನ್ನು ಕಾಂಚನಾ ಹಿಂದೆಂದೂ ನೋಡಿರಲಿಲ್ಲ.

“ಅಜ್ಜಿ, ನಿಂದ್ರು,” ಎಂದಳು.

“ಯಾಕವಾ? ಆಟೊ ಬಂತು ನೋಡು.”

“ಆಯಿ ಇಪ್ಪತ್ತೆಂಟಂತನ ಹೇಳಿದ್ರು. ನಾನ ಇಪ್ಪತ್ತೈದು ಬರದೆ.”

ಅಜ್ಜಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಟೊದವನು ಹಾರ್ನು ಹೊಡೆದು, ಕಾದು, ಹೊರಟುಹೋದ.

“ಯಾಕ?” ಎಂದಳು ಅತ್ತೆ.

ಕಾಂಚನಾ ನೆಲ ನೋಡಿದಳು. “ತೆಳ್ಳಗ ಕಾಣಲಿ ಅಂತ.”

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಂಚನಾಳ ಮುಂಗೈ ಹಿಡಿದು ಆಯಿಯ ಬಾಗಿಲ ಕಡೆ ತಿರುಗಿಸಿದಳು. “ನನಗ ಹೇಳಿ ಏನ್ ಮಾಡ್ತಿ? ಅಕಿಗೆ ಹೇಳು.”

ಬಾಗಿಲಿನಿಂದ ಮಶೀನಿಗೆ ಆರೇ ಹೆಜ್ಜೆ. ಕಾಂಚನಾ ಅಷ್ಟನ್ನೂ ನಡೆದು ಆಯಿಯ ಮುಂದೆ ನಿಂತಳು. “ಆಯಿ, ನೀವು ತಪ್ಪಿಲ್ಲರಿ. ನೀವು ಇಪ್ಪತ್ತೆಂಟ ಅಂದಿದ್ರಿ. ನಾ ಬೇಕಂತನ ಇಪ್ಪತ್ತೈದು ಬರದೀನಿ.”

ಆಯಿ ಅವಳನ್ನೇ ನೋಡಿದಳು.

“ನಾ ಇಪ್ಪತ್ತೆಂಟು ಅಂದಿದ್ನ್ಯಾ?”

“ಹೂಂರಿ.”

“ಖರೆ?”

“ಖರೆರಿ, ದೇವರಾಣಿ.”

ಆಯಿ ಧಡಕ್ಕನೆ ಎದ್ದುನಿಂತಳು. “ಕೇಳಿದಿರಿ ಏನು ಸುಮಿತ್ರಕ್ಕಾ? ನಾ ಇಪ್ಪತ್ತೆಂಟಂತನ ಅಂದಿದ್ದೆ! ಇಪ್ಪತ್ತೆಂಟ ಕಂಡಿತ್ತು ನನಗ!” ಅವಳು ನಗುತ್ತಿದ್ದಳು, ಸೆರಗಿನಿಂದ ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದಳು.

ಆಮೇಲೆ ನಗು ನಿಲ್ಲಿಸಿ ಕಾಂಚನಾಳ ಕಡೆ ತಿರುಗಿದಳು. “ನಿನ್ನೆಯಿಂದ ಸೂಜಿಗೆ ದಾರ ಹಾಕಾಕ ಅಂಜೀನಿ ನಾನು. ನಲವತ್ತು ವರ್ಷ ಹೊಲದಾಕಿ. ಗೊತ್ತೈತೇನು ನಿನಗ?”

ಕಾಂಚನಾಗೆ ಅಳು ಬಂತು. ಆಯಿ ಅವಳ ಕಣ್ಣು ಒರೆಸಲು ಹೋಗಲಿಲ್ಲ. ಅಳುವಷ್ಟು ಅಳಲಿ ಎಂದು ಬಿಟ್ಟಳು. ಬಿಟ್ಟು, ಮಶೀನಿನ ಚಾದರ ಎಳೆದು ಮೂಲೆಗೆ ಎಸೆದಳು.

“ಆತು. ಅಕ್ಕಾರ, ಆ ಚೀಲ ಇಲ್ಲಿ ಕೊಡ್ರಿ. ಆರು ದಿನ ಉಳದೈತಿ. ಅನ್ನಪೂರ್ಣಾ, ಬಾ ಇಲ್ಲಿ, ಕೈ ಎತ್ತು. ಕಣ್ಣಿನ ಆಪರೇಶನ್ ನಿನ್ನ ಮದುವಿ ಆದ ಮ್ಯಾಲ!”

ಹೊರಗೆ ಬಂದಾಗ ಸ್ನೇಹಾ ಕಾಂಚನಾಳ ಪಕ್ಕ ನಡೆದಳು. ಸುಮಾರು ದೂರ ಹೋದ ಮೇಲೆ ಕೇಳಿದಳು, “ನಾ ಹಿಂದ ನಿಂದ್ರು ಅಂದಿದ್ನಲ್ಲ, ಅದಕ್ಕ ಹಂಗ ಬರದಿ ಏನು?”

ಕಾಂಚನಾ ಹೆಜ್ಜೆ ಜೋರು ಮಾಡಿದಳು.

“ಎತ್ತರ ಇದ್ದೋರು ಹಿಂದ ನಿಂದ್ರಬೇಕು ಅಂತ ಫೋಟೊದವರು ಹೇಳ್ತಾರ,” ಎಂದಳು ಸ್ನೇಹಾ, ಮುಖ ಬೇರೆ ಕಡೆ ಮಾಡಿ. “ನಾನ ನಿಂದ್ರತೀನಿ ತಗೊ.”

ಮದುವೆಯ ದಿನ ಶಿರಹಟ್ಟಿಯ ಕಲ್ಯಾಣ ಮಂಟಪ ಕಿಕ್ಕಿರಿದಿತ್ತು. ಕಾಂಚನಾಳ ಗೌನಿನ ಚೈನು ಒಂದೇ ಎಳೆತಕ್ಕೆ ಮೇಲೇರಿತ್ತು. ಕಳಸಗಳು ಬಂದವು, ಅಕ್ಷತೆ ಬಿತ್ತು, ತಾನು ಹೇಳಿದಂತೆ ಸ್ನೇಹಾ ಫೋಟೊಗೆ ಹಿಂದೆಯೇ ನಿಂತು ಕತ್ತು ಮಾತ್ರ ಆದಷ್ಟು ಮುಂದೆ ಚಾಚಿದಳು.

ಅಕ್ಷತೆಯ ಗದ್ದಲ ಕಡಿಮೆಯಾದ ಮೇಲೆ ಬಾನುಬಿ ಆಯಿ ವೇದಿಕೆ ಹತ್ತಿ ಬಂದಳು. ಅತ್ತೆಯ ತಲೆ ಸವರಿದಳು. ಹಾಗೇ ಸೆರಗು ಸರಿಮಾಡುವವಳಂತೆ ಜಂಪರಿನ ಭುಜದ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿದಳು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ. ಯಾರೂ ಗಮನಿಸಲಿಲ್ಲ. ಪಕ್ಕದಲ್ಲೇ ಇದ್ದ ಕಾಂಚನಾ ಗಮನಿಸಿದಳು. ಹೆಬ್ಬೆರಳು ತುದಿ ಮುಟ್ಟಿದಾಗ ಆಯಿಯ ಮುಖ ಅರಳಿದ್ದನ್ನೂ ನೋಡಿದಳು. ಒಂದು ಅಂಕಿಯಿಂದ ತಾನು ಕಿತ್ತುಕೊಂಡಿದ್ದು ಆಯಿಯ ಕೈಯ ಈ ಧೈರ್ಯವನ್ನೇ ಎಂದು ಅವಳಿಗೆ ಆಗ ತಿಳಿಯಿತು.

ಆಯಿ ಇಳಿಯಲು ಹೊರಟು ವೇದಿಕೆಯ ಅಂಚಿನಲ್ಲಿ ತಡೆದಳು. ಕೆಳಗೆ ಹೂವು, ಅಕ್ಷತೆ, ಕೆಂಪು ಕಾರ್ಪೆಟ್ಟು ಎಲ್ಲ ಒಂದೇ ಆಗಿ ಮೆಟ್ಟಿಲು ಗೊತ್ತಾಗುತ್ತಿರಲಿಲ್ಲ. ಕಾಂಚನಾ ಓಡಿಹೋಗಿ ಭುಜ ಕೊಟ್ಟಳು.

“ಎಷ್ಟು ಮೆಟ್ಲಾ ಅದಾವ ಬೇಟಿ?”

ಕಾಂಚನಾ ಬಗ್ಗಿ ನೋಡಿದಳು. ಕಾರ್ಪೆಟ್ಟಿನ ತುದಿ ಎತ್ತಿ ಇನ್ನೊಮ್ಮೆ ನೋಡಿದಳು.

“ನಾಕು ಅದಾವರಿ, ಆಯಿ. ಕಡೀದು ಸ್ವಲ್ಪ ಎತ್ತರ ಐತಿ.”

ಆಯಿ ಕೆಳಗೆ ನೋಡಲೇ ಇಲ್ಲ. ಊಟದ ಪಂಕ್ತಿಯ ಕಡೆ ಮುಖ ಮಾಡಿ, “ಒಂದು, ಎರಡು,” ಎನ್ನುತ್ತ ಕಾಲಿಟ್ಟಳು. ಅವಳ ಭಾರವೆಲ್ಲ ಕಾಂಚನಾಳ ಭುಜದ ಮೇಲೆ ಬಿತ್ತು. ಕಾಂಚನಾ ಗಟ್ಟಿಯಾಗಿ ನಿಂತು, ಅವಳ ಜೊತೆಗೇ ಒಂದೊಂದಾಗಿ ಎಣಿಸುತ್ತ ಇಳಿದಳು.